ಮೂರು ಚಕ್ರದ ಕಾರಿನ ದೊಡ್ಡಪ್ಪ

ದೊಡ್ಡಪ್ಪನ ಬಲಗೈ ಮೊಣಕೈಯಿಂದ ಕೆಳಕ್ಕೆ ಎಡಗೈಗಿಂತ ಕಪ್ಪಗಿತ್ತು. ನಡೆಯುವಾಗಲೂ ತಿರುವು ಬಂದರೆ ಮೈಯನ್ನು ಒಂದು ಕಡೆಗೆ ವಾಲಿಸುತ್ತಿದ್ದರು. ಬಸ್ಸಿನಲ್ಲಿ ಕೂತಾಗಂತೂ ಡ್ರೈವರು ಸ್ಟೇರಿಂಗು ತಿರುಗಿಸುತ್ತಲೇ ಪಕ್ಕದವರ ಹೆಗಲಿಗೆ ಬೀಳುವಷ್ಟು ವಾಲುತ್ತಿದ್ದರು. ಯಜಮಾನರು ತೂಕಡಿಸುತ್ತಿದ್ದಾರೆ ಎಂದುಕೊಂಡು ಯಾರಾದರೂ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡುತ್ತಿದ್ದರು. ಅದು ತೂಕಡಿಕೆಯಲ್ಲ. ಬಲಗೈಯನ್ನು ಕಿಟಕಿಯ ಬಿಸಿಲಿಗಿಟ್ಟು ವರ್ಷಾನುಗಟ್ಟಲೆ ಮೂರು ಚಕ್ರದ ಕಾರು ಓಡಿಸಿದ ಮೈಗೆ ಹತ್ತಿಕೊಂಡ ಅಭ್ಯಾಸ.

ಆ ಥರದ ಕಾರು ಈಗ ಕಣ್ಣಿಗೆ ಬೀಳುವುದಿಲ್ಲ. ಮುಂದೆ ಒಂದು ಚಕ್ರ, ಹಿಂದೆ ಎರಡು. ಮೈಯೆಲ್ಲ ಫೈಬರು. ಎಂಜಿನ್ನು ಹಿಂದೆ, ಡಿಕ್ಕಿ ಮುಂದೆ. ಎಡಗಡೆ ಎರಡು ಬಾಗಿಲು, ಬಲಗಡೆ ಡ್ರೈವರಿಗೆ ಮಾತ್ರ ಒಂದು. ದೊಡ್ಡಮ್ಮನಿಗೆ ಸ್ಕೂಟರ್ ಮೇಲೆ ಕೂತರೆ ತಲೆ ಸುತ್ತುತ್ತಿತ್ತೆಂದು ದೊಡ್ಡಪ್ಪ ಅದನ್ನು ಕೊಂಡು ತಂದಾಗ ನಾನಿನ್ನೂ ಕೂಸು. ಪೂಜೆಯ ದಿನದ ಕಥೆಯನ್ನು ದೊಡ್ಡಮ್ಮ ಸಾಯಂಕಾಲ ಹೂವು ಕಟ್ಟುತ್ತ ಎಷ್ಟೋ ಸಲ ಹೇಳಿದ್ದಾರೆ. ಅಯ್ಯನವರು ಚಕ್ರಕ್ಕೊಂದರಂತೆ ನಿಂಬೆಹಣ್ಣು ಇಡುತ್ತ ಬಂದು, ಉಳಿದ ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಕಾರನ್ನು ಒಂದು ಸುತ್ತು ಹಾಕಿ, "ಇದ್ನ ಎಲ್ಲಿಗ್ ಇಡ್ಲಿ ಯಜಮಾನ್ರೆ?" ಎಂದರಂತೆ. "ಇಲ್ಲಿ ಕೊಡಿ ಸ್ವಾಮಿ, ಪಾನಕ ಮಾಡ್ಕೊಂಡು ಕುಡಿತೀನಿ" ಎಂದರಂತೆ ದೊಡ್ಡಪ್ಪ.

ನನ್ನ ಅಪ್ಪ ನಾನು ಅಂಬೆಗಾಲಿಡುತ್ತಿದ್ದಾಗಲೇ ಹೋದರು. ಅವ್ವನನ್ನೂ ನನ್ನನ್ನೂ ದೊಡ್ಡಪ್ಪನೇ ನೋಡಿಕೊಂಡರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಕಿಬ್ಬನಹಳ್ಳಿಯಿಂದ ತುರುವೇಕೆರೆ ಕಡೆಗೆ ಬರುವ ದಾರಿಯಲ್ಲಿ ಒಳಗೆ ಸಿಗುವ ನಮ್ಮ ಊರಿನಿಂದ ಶಾಲೆಗೆ, ಆಸ್ಪತ್ರೆಗೆ, ಸಂಪಿಗೆ ಊರಿನ ದೇವಸ್ಥಾನಕ್ಕೆ, ಎಲ್ಲಕ್ಕೂ ಆ ಕಾರೇ. ಅದರ ಸದ್ದು ಆಟೋ ಸದ್ದಿನ ಹಾಗೇ ಇದ್ದುದರಿಂದ ದಾರಿಯಲ್ಲಿ ನಿಂತವರು ಕೈ ಅಡ್ಡ ಹಿಡಿಯುತ್ತಿದ್ದರು, ಹತ್ತಿರ ಬಂದ ಮೇಲೆ ನೋಡಿ ಕೈ ಇಳಿಸುತ್ತಿದ್ದರು. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಎಂಜಿನ್ ನೋಡುವ ಆಸೆಯಿಂದ ಮುಂದಿನ ಬಾನೆಟ್ಟು ಎತ್ತಿದರೆ ಒಳಗೆ ತೆಂಗಿನಕಾಯಿ. ಎಲ್ಲರೂ ನಕ್ಕರು. ನಾನು ಸೀಟಿನಲ್ಲಿ ಕೆಳಕ್ಕೆ ಜಾರಿ ಕೂತೆ. ದೊಡ್ಡಪ್ಪ ಅವರ ಜೊತೆ ತಾವೂ ನಕ್ಕು ಬಂದು ಕೂತರು.

"ತಲೆ ಎತ್ತವ್ವ," ಅಂದರು. "ನಗೋರ್ಗೆ ಸೈಡು ಕೊಟ್ಬುಡು. ಮುಂದುಕ್ಕೆ ಹೊಂಟೋಯ್ತಾರೆ."

ಹಾಗಿದ್ದ ಮನುಷ್ಯ ಒಂದೇ ಮಧ್ಯಾಹ್ನದಲ್ಲಿ ಬೇರೆಯಾಗಿಬಿಟ್ಟರು.

ನನಗೆ ಚಿಕ್ಕನಾಯಕನಹಳ್ಳಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ನೆಂಟರ ಮದುವೆಯಲ್ಲಿ ಹುಡುಗ ನನ್ನನ್ನು ನೋಡಿ ಒಪ್ಪಿದ್ದ. ನಾನೂ ನೋಡಿದ್ದೆ. ಬೇಡ ಅನ್ನಿಸಿರಲಿಲ್ಲ. ಇನ್ನು ಹಿರಿಯರು ಬಂದು ಮನೆ ನೋಡಿ ಹೋಗುವುದೊಂದು ಉಳಿದಿತ್ತು. ಹುಡುಗನ ತಾಯಿಯೂ ಅವರ ಅಣ್ಣನೂ ಬಸ್ಸಿನಲ್ಲಿ ಕಿಬ್ಬನಹಳ್ಳಿಗೆ ಬಂದಿಳಿಯುವುದು, ದೊಡ್ಡಪ್ಪ ಹೋಗಿ ಕರೆತರುವುದು ಎಂದಾಯಿತು. ಕಾರನ್ನು ತೊಳೆದು, ಸೀಟಿಗೆ ದೊಡ್ಡಮ್ಮ ಹೊಲಿದ ಹೊಸ ಗೌಸು ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಟರು.

ನಾನು ಸೀರೆ ಉಟ್ಟು ಜಗಲಿಯ ಕಂಬಕ್ಕೊರಗಿ ನಿಂತಿದ್ದೆ. ನಮ್ಮ ಜಗಲಿಯಿಂದ ನೋಡಿದರೆ ಟಾರು ರಸ್ತೆಯಿಂದ ತೋಟದ ದಾರಿಗೆ ತಿರುಗುವ ಜಾಗ ಕಾಣುತ್ತದೆ. ಸದ್ದು ಮೊದಲು ಬಂತು. ಎಂದಿಗಿಂತ ಜೋರಾಗಿತ್ತು. ಕಾರು ಬಲಕ್ಕೆ ತಿರುಗಿತು. ಹಿಂದಿನ ಬಲಚಕ್ರ ನೆಲ ಬಿಟ್ಟಿದ್ದು ಕಂಡಿತು. ಇಳಿಯುತ್ತದೆ, ಯಾವಾಗಲೂ ಇಳಿಯುತ್ತದೆ ಎಂದುಕೊಳ್ಳುತ್ತಿರುವಾಗಲೇ ಅದು ಎಡಗಡೆಗೆ ಮಗುಚಿ ಮಲಗಿಬಿಟ್ಟಿತು.

ಅಲ್ಲೇ ಕಾಯಿ ಸುಲಿಯುತ್ತಿದ್ದವರು ಓಡಿ ಬಂದರು. ನಾನು, ಅವ್ವ, ದೊಡ್ಡಮ್ಮ ಎಲ್ಲರೂ ಓಡಿದೆವು. ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಎಡಗಡೆಯ ಎರಡು ಬಾಗಿಲೂ ನೆಲದ ಕಡೆಗೆ ಸಿಕ್ಕಿಕೊಂಡು, ಮೇಲಕ್ಕೆ ಉಳಿದದ್ದು ಡ್ರೈವರ್ ಬಾಗಿಲು ಒಂದೇ. ಪೆಟ್ರೋಲು ಸೋರುತ್ತಿತ್ತು. ದೊಡ್ಡಪ್ಪ ಹೊರಗೆ ಬಂದು, "ಮೊದ್ಲು ಅವ್ರನ್ನ ಈಚೆಗ್ ತೆಗೀರ್ಲಾ, ಗಾಡಿ ಆಮೇಲೆ" ಅಂದರು. ಹುಡುಗನ ಸೋದರಮಾವ ಹೇಗೋ ಹತ್ತಿ ಬಂದರು. ತಾಯಿ ಸ್ಥೂಲಕಾಯದವರು. ಬಾವಿಯಿಂದ ಎತ್ತಿದ ಹಾಗೆ ಕಂಕುಳಿಗೆ ಕೈ ಕೊಟ್ಟು ಇಬ್ಬರು ಆಳುಗಳು ಅವರನ್ನು ಮೇಲಕ್ಕೆಳೆದರು. ಸೀರೆ ಒಳಗೆ ಸೀಟಿನ ಕಬ್ಬಿಣಕ್ಕೆ ಸಿಕ್ಕಿಕೊಂಡು ಅಲ್ಲೇ ಉಳಿಯಿತು. ಆ ಹೆಂಗಸು ಅಷ್ಟು ಜನ ಗಂಡಸರ ನಡುವೆ, ಕಾರಿನ ಮೇಲೆ, ಲಂಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ದೊಡ್ಡಮ್ಮ ತಮ್ಮ ಸೆರಗನ್ನೇ ಅವರಿಗೆ ಹೊದೆಸಿ ಅಪ್ಪಿಕೊಂಡು ಇಳಿಸಿದರು. ಯಾರೂ ನಗಲಿಲ್ಲ. ನಕ್ಕಿದ್ದರೇ ಮೇಲಿತ್ತೇನೋ.

ಅವರು ಮನೆಗೆ ಬಂದರೂ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ನನ್ನನ್ನು ಕರೆಯಲೂ ಇಲ್ಲ. ದೊಡ್ಡಮ್ಮನ ಸೀರೆ ಉಟ್ಟುಕೊಂಡು, ಪಕ್ಕದ ತೋಟದವರ ವ್ಯಾನಿನಲ್ಲಿ ಹೊರಟುಹೋದರು. ಆ ವಾರವೇ ಮಧ್ಯಸ್ಥಗಾರ ಬಂದು ಬಾಗಿಲ ಹೊರಗೇ ನಿಂತು ಹೇಳಿದ: "ಬ್ಯಾಡ ಅಂತಾರೆ ಕಣ್ರೀ. ಯಾಕೆ ಏನು ಅಂತ ಹೇಳ್ನಿಲ್ಲ."

ಯಾಕೆಂದು ಕೇಳಬೇಕಾಗಿರಲಿಲ್ಲ. ಮೂರ್ಗಾಲಿ ಕಾರಿನಲ್ಲಿ ಸಂಬಂಧ ಮಗುಚಿಕೊಂಡಿತಂತೆ ಎಂಬ ಮಾತು ನಮಗಿಂತ ಮುಂಚೆ ಕಿಬ್ಬನಹಳ್ಳಿ ತಲುಪಿತ್ತು. ಬಸ್ಸಿಗೆ ಕಾಯುವಾಗ ನಾನು ರಸ್ತೆಗೆ ಬೆನ್ನು ಮಾಡಿ ಅಂಗಡಿಯಲ್ಲಿ ತೂಗುಹಾಕಿದ ಬಾಚಣಿಗೆಗಳನ್ನು ನೋಡುತ್ತ ನಿಲ್ಲುತ್ತಿದ್ದೆ.

ದೊಡ್ಡಪ್ಪ ಕಾರನ್ನು ಕೊಬ್ಬರಿ ಅಟ್ಟದ ಕೆಳಗೆ ತಳ್ಳಿಸಿ ಅದರ ಮೇಲೆ ಗರಿ ಮುಚ್ಚಿದರು. ಆಮೇಲೆ ಎಲ್ಲಿಗೂ ಬಸ್ಸಿನಲ್ಲೇ ಹೋದರು. ನನ್ನ ಜೊತೆ ನೇರವಾಗಿ ಮಾತಾಡುವುದು ನಿಂತುಹೋಯಿತು. ನಾನು ಎದುರಿಗೇ ಕೂತಿದ್ದರೂ ದೊಡ್ಡಮ್ಮನ ಕಡೆ ತಿರುಗಿ, "ಮಗಾ ಉಂಡ್ಲಾ ಕೇಳು" ಅನ್ನುತ್ತಿದ್ದರು. ಒಂದು ದಿನ ತಡೆಯದೆ ಹೇಳಿದೆ: "ದೊಡ್ಡಪ್ಪ, ನಂಗೇನೂ ಬೇಜಾರಿಲ್ಲ. ಗಾಡಿ ಬೀಳೋದು ಯಾರ ಕೈಲೈತೆ?" ಅವರು ಎದ್ದು ತೋಟಕ್ಕೆ ಹೋದರು. ನಾನು ಅವರನ್ನು ಸಮಾಧಾನ ಮಾಡುತ್ತಿದ್ದೇನೆಂದು ಅವರಿಗೆ ಇನ್ನೂ ನಾಚಿಕೆಯಾಯಿತು ಎಂದು ಆಮೇಲೆ ದೊಡ್ಡಮ್ಮ ಹೇಳಿದರು.

ಕೆಲವು ವರ್ಷಗಳ ಮೇಲೆ ತಿಪಟೂರಿನ ಹುಡುಗನ ಜೊತೆ ನನ್ನ ಮದುವೆಯಾಯಿತು. ಒಳ್ಳೆಯ ಮನುಷ್ಯ, ಔಷಧಿ ಅಂಗಡಿ ಇದೆ. ಅಪ್ಪನಿಲ್ಲದ ನನಗೆ ದೊಡ್ಡಪ್ಪ ದೊಡ್ಡಮ್ಮನೇ ಧಾರೆ ಎರೆಯಬೇಕಿತ್ತು. ಮುಹೂರ್ತದ ಹೊತ್ತಿಗೆ ದೊಡ್ಡಪ್ಪ ಕಾಣಲಿಲ್ಲ. ಹುಡುಕಿಸಿದರೆ ಅಡಿಗೆಯವರ ನಡುವೆ ಎಲೆ ಒರೆಸುತ್ತ ಕೂತಿದ್ದರು. ನಾನೇ ಹೇಳಿಕಳಿಸಿದೆ. "ನನ್ನ ಕೈ ಸರಿ ಇಲ್ಲ. ಅವ್ಳ ಸೋದರಮಾವನ ಕೈಲಿ ಮಾಡ್ಸಿ" ಎಂಬ ಉತ್ತರ ಬಂತು. ಸೋದರಮಾವನೇ ಧಾರೆ ಎರೆದರು. ತಲೆ ತಗ್ಗಿಸಿ ಹಸೆಮಣೆಯ ಮೇಲೆ ಕೂತವಳ ಕಣ್ಣಲ್ಲಿ ನೀರು ಬಂದಾಗ, ತವರು ಬಿಡುವ ದುಃಖ ಎಂದುಕೊಂಡು ಹೆಂಗಸರು ಬೆನ್ನು ಸವರಿದರು.

ಈಚೆಗೆ, ಅವ್ವ ತೀರಿಕೊಂಡ ಮೇಲೆ, ದೊಡ್ಡಪ್ಪನಿಗೆ ಎಂಬತ್ತರ ಹತ್ತಿರವಾದಾಗ, ಬೆಂಗಳೂರಿನಿಂದ ಮೂವರು ಹುಡುಗರು ಕ್ಯಾಮೆರಾ ಹಿಡಿದು ಬಂದರು. ವಿಚಿತ್ರ ಕಾರುಗಳನ್ನು ಹುಡುಕಿಕೊಂಡು ಊರೂರು ತಿರುಗುವುದೇ ಅವರಿಗೆ ಹುಚ್ಚಂತೆ. ತಿಪಟೂರಿನ ಹಳೆಯ ಮೆಕ್ಯಾನಿಕ್ಕು ವಿಳಾಸ ಕೊಟ್ಟಿದ್ದ.

"ಆ ಥರದ್ ಯಾವ್ದೂ ನಮ್ತಾವ ಇಲ್ಲ, ಹೋಗ್ರಪ್ಪ," ಅಂದರು ದೊಡ್ಡಪ್ಪ.

ದೊಡ್ಡಮ್ಮ ಒಳಗಿನಿಂದಲೇ, "ಐತಲ್ಲ. ಈ ವಯಸ್ನಾಗೆ ಸುಳ್ಳ್ಯಾಕೆ?" ಅಂದರು.

ಗರಿ ಸರಿಸಿದಾಗ ಹುಡುಗರು ಕಾರಿಗೆ ಒಂದು ಸುತ್ತು ಬಂದರಂತೆ. ಆಮೇಲೆ ಒಬ್ಬ ಅದರ ಅಡಿಗೆ ತೂರಿ ಮಲಗಿದ, ಒಬ್ಬ ಬಾಗಿಲುಗಳನ್ನು ಎಣಿಸಿ ನಕ್ಕ, ಇನ್ನೊಬ್ಬ ಮುಂದಿನ ಒಂಟಿ ಚಕ್ರವನ್ನು ಮಗುವಿನ ತಲೆಯಂತೆ ಸವರಿದ. "ಇದನ್ನು ಫೋಟೋದಲ್ಲಿ ಮಾತ್ರ ನೋಡಿದ್ವಿ ತಾತ" ಅಂದ. ಅವರು ಮಾಡಿದ ವಿಡಿಯೋ ನನ್ನ ಫೋನಿಗೂ ಬಂತು. ಕೆಳಗೆ ಜನ ನಗುವ ಮುಖಗಳನ್ನು ಸಾಲಾಗಿ ಹಾಕಿದ್ದರು. ಇದು ಕಾರೋ ಆಟೋವೋ ಎಂದು ಯಾರೋ ಕೇಳಿದ್ದನ್ನು ನಾನು ಓದಿ ಹೇಳುತ್ತಿದ್ದಂತೆ ದೊಡ್ಡಪ್ಪ ಕೈ ಅಡ್ಡ ಹಿಡಿದು, ದೊಡ್ಡಮ್ಮನ ಕಡೆ ತಿರುಗಿ, "ಸಾಕು, ಆರ್ಸು ಅನ್ನು" ಅಂದರು. ಮುಖ ಸುಟ್ಟ ಹಾಗಾಗಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಭಾನುವಾರ ನಾನು ಊರಲ್ಲಿದ್ದಾಗ ಮನೆ ಮುಂದೆ ಆಟೋ ನಿಂತಿತು. ಕೋಲೂರಿಕೊಂಡು ಇಳಿದವರನ್ನು ನಾನು ಗುರುತಿಸಲಿಲ್ಲ. ದೊಡ್ಡಮ್ಮ ತಕ್ಷಣ ಗುರುತಿಸಿ ಎದ್ದು ನಿಂತರು. ಆ ಹುಡುಗನ ತಾಯಿ. ಮೊಮ್ಮಗನ ಫೋನಿನಲ್ಲಿ ಆ ಕಾರು ನೋಡಿದರಂತೆ.

ದೊಡ್ಡಪ್ಪ ಹಿತ್ತಲ ಬಾಗಿಲಿನಿಂದ ತೋಟಕ್ಕೆ ಹೋಗಿಬಿಟ್ಟಿದ್ದರು. ದೊಡ್ಡಮ್ಮ ಹೋಗಿ ಕೈ ಹಿಡಿದು ಕರೆತಂದರು. ಇಬ್ಬರೂ ಜಗಲಿಯ ಎರಡು ತುದಿಗೆ ಕೂತರು. ಒಬ್ಬರನ್ನೊಬ್ಬರು ನೋಡಲಿಲ್ಲ. ದೊಡ್ಡಪ್ಪನೇ ಮೊದಲು ಬಾಯಿ ಬಿಟ್ಟರು, ನೆಲ ನೋಡುತ್ತ.

"ಅವತ್ತು ಬಸ್‌ಸ್ಟಾಂಡಲ್ಲಿ ನಿಮ್ಮಣ್ಣ ಅಂದ್ರು, ಇದು ಕಾರಾ ಆಟೋನಾ ಅಂತ. ನಂಗೆ ರೋಷ ಬಂತು. ಕಾರು ಅಂತ ತೋರಿಸ್ಬೇಕು ಅಂತ ತಿರುವಲ್ಲೂ ಎಕ್ಸಿಲೇಟರ್ ಮೇಲಿಂದ ಕಾಲು ಎತ್ನಿಲ್ಲ. ಗಾಡಿ ತಾನಾಗೇ ಬೀಳ್ನಿಲ್ಲಮ್ಮ. ನಾನು ಬೀಳಿಸ್ದೆ."

ಈ ಮಾತನ್ನು ದೊಡ್ಡಮ್ಮನೂ ಆ ಭಾನುವಾರವೇ ಮೊದಲ ಸಲ ಕೇಳಿದ್ದು. ಗಾಡಿ ಬೀಳುವುದು ಯಾರ ಕೈಲಿದೆ ಎಂದು ನಾನು ಸಮಾಧಾನ ಹೇಳಿದ್ದೇ ಅವರಿಗೆ ಎಲ್ಲಿ ನಾಟಿತ್ತೆಂದು ನನಗೆ ಆಗ ತಿಳಿಯಿತು.

ಆ ಹೆಂಗಸು ಕೋಲನ್ನು ಪಕ್ಕಕ್ಕಿಟ್ಟರು. "ನೀವು ಏನ್ ತಿಳ್ಕಂಡ್ರೋ ನಂಗೊತ್ತಿಲ್ಲ," ಅಂದರು. "ನಿಮ್ ಹುಡುಗಿ ಬ್ಯಾಡ ಅಂತ ಬ್ಯಾಡ ಅನ್ನಿಲ್ಲ ನಾನು. ನಿಮ್ ಮನೆ ಆಳುಕಾಳೆಲ್ಲ ನನ್ನ ಹಂಗೆ ನೋಡ್ಬುಟ್ಟವ್ರೆ. ಇನ್ ಯಾವ ಮಖ ಇಟ್ಕಂಡು ಬೀಗಿತಿ ಅಂತ ಈ ಹೊಸಲು ತುಳೀಲಿ ಅನ್ನುಸ್ತು. ಮಗ ಅತ್ತ, ಬೈದ. ಕಾರಣ ಅವ್ನಿಗೂ ಹೇಳ್ನಿಲ್ಲ. ಹೆಂಗೇಳ್ಲಿ?"

ದೊಡ್ಡಮ್ಮ ಒಳಗೆ ಹೋಗಿ ಮಜ್ಜಿಗೆ ತಂದರು. ಆ ದಿನ ಮುಟ್ಟದೆ ಹೋದವರು ಈಗ ಲೋಟ ಖಾಲಿ ಮಾಡಿ ಇನ್ನೊಂದು ಸಲ ಹಾಕಿಸಿಕೊಂಡರು. ಆಮೇಲೆ ಮಾತು ಸಕ್ಕರೆ ಕಾಯಿಲೆಗೂ ಮಂಡಿನೋವಿಗೂ ತಿರುಗಿತು. ಹೊರಡುವಾಗ ದೊಡ್ಡಮ್ಮ, "ನಮ್ ಕಾರ್ ಓಡಂಗಿದ್ದಿದ್ರೆ ಇವ್ರೇ ಕ್ರಾಸ್‌ಗಂಟ ಬುಟ್ಟು ಬರ್ತಿದ್ರು" ಅಂದುಬಿಟ್ಟರು. ಆಕೆ ಕೋಲೆತ್ತಿ, "ಬ್ಯಾಡ ಕಣಮ್ಮ, ನಡ್ಕಂಡೇ ಹೋಯ್ತೀನಿ" ಅಂದಾಗ ಹೆಂಗಸರು ಮೂವರೂ ನಕ್ಕೆವು. ದೊಡ್ಡಪ್ಪ ನಗಲಿಲ್ಲ.

ಅಷ್ಟು ವರ್ಷದ ಭಾರ ಇಳಿಯಿತಲ್ಲ ಎಂದು ನಾನು ಸಂತೋಷಪಟ್ಟಿದ್ದೆ. ಅದು ಹಾಗಾಗಲಿಲ್ಲ. ಸಂಜೆ ದೊಡ್ಡಪ್ಪ ಎಷ್ಟೋ ಕಾಲದ ಮೇಲೆ ನನ್ನನ್ನೇ ನೋಡಿ ಮಾತಾಡಿದರು.

"ನಿನ್ ಸಂಬಂಧ ಒಂದ್ ಕೆಡಿಸ್ದೆ ಅಂತ ಇದ್ದೆ ಕಣವ್ವ. ಆ ಯಮ್ಮನ್ನೂ ಇಷ್ಟು ವರ್ಷ ತಲೆ ತಗ್ಸೋ ಹಂಗೆ ಮಾಡಿದ್ದೀನಿ. ಅದು ಗೊತ್ತೇ ಇರ್ಲಿಲ್ಲ."

ನಾನು ಅವರ ಆ ಕಪ್ಪು ಕೈಯನ್ನು ಹಿಡಿದುಕೊಂಡು ಕೂತೆ. ಅವರು ಬಿಡಿಸಿಕೊಳ್ಳಲಿಲ್ಲ. ಅಷ್ಟು ಸಿಕ್ಕಿತು.

ನನಗೆ ಅವರ ಋಣ ಅನ್ನ ಬಟ್ಟೆಯದು ಮಾತ್ರವಲ್ಲ. ತಪ್ಪನ್ನು ಗಾಡಿಯ ಮೇಲೆ, ರಸ್ತೆಯ ಮೇಲೆ, ಹುಡುಗನ ಮಾವನ ನಾಲಿಗೆಯ ಮೇಲೆ ಹಾಕಿ ಹಗುರಾಗುವುದು ಅವರಿಗೆ ಸುಲಭವಿತ್ತು. ನಾವೆಲ್ಲ ಅದಕ್ಕೆ ಒಪ್ಪಿಕೊಂಡು ಕೂತಿದ್ದೆವು. ಅವರು ಒಪ್ಪಲಿಲ್ಲ. ನನ್ನಂಥ ಒಬ್ಬ ಹುಡುಗಿಯ ಬಾಳು ಅಷ್ಟು ದೊಡ್ಡದು ಎಂದು ಅವರಷ್ಟು ಬೇರೆ ಯಾರೂ ತಿಳಿದಿರಲಿಲ್ಲ. ಅದನ್ನು ನೆನೆದಾಗ ನನಗೆ ಈಗಲೂ ತಲೆ ತಗ್ಗುತ್ತದೆ.

ಮುಂದಿನ ಬೇಸಗೆಯಲ್ಲಿ, ಬೆಳಗಿನ ಕಾಫಿ ಕುಡಿದು ಜಗಲಿಯಲ್ಲಿ ಒರಗಿದ ದೊಡ್ಡಪ್ಪ ಮತ್ತೆ ಏಳಲಿಲ್ಲ. ಮಣ್ಣಿಗೆ ಬಂದವರಲ್ಲಿ ಆಕೆಯೂ ಇದ್ದರು, ಮಗನನ್ನು ಕರೆದುಕೊಂಡು. ಆ ಮಗ ನನಗೆ ದೂರದಿಂದಲೇ ಕೈ ಮುಗಿದು, ನನ್ನ ಯಜಮಾನರ ಜೊತೆ ಸೇರಿ ಬಂದವರಿಗೆ ಕುರ್ಚಿ ಹಾಕುತ್ತ ಓಡಾಡಿದರು. ಆಕೆ ದೊಡ್ಡಮ್ಮನಿಗೆ ಒತ್ತಿಕೊಂಡು ಕೂತವರು ಸಂಜೆಯವರೆಗೂ ಏಳಲಿಲ್ಲ. ಊರಿನ ಹೆಂಗಸೊಬ್ಬಳು ನನ್ನ ಕಡೆಯೂ ಅವರ ಕಡೆಯೂ ನೋಡಿ, "ಇವ್ರು ಯಾರು, ಗೊತ್ತಾಗ್ಲಿಲ್ವಲ್ಲ?" ಎಂದು ಕೇಳಿದಳು.

ನನ್ನ ಮುಖ ಬಿಸಿಯಾಯಿತು. ದೊಡ್ಡಮ್ಮ ಕಣ್ಣೊರೆಸಿಕೊಂಡು ಹೇಳಿದರು: "ಬೀಗ್ರು ಕಣೇ. ಚಿಕ್ಕನಾಯಕನಹಳ್ಳಿ ಕಡೆ ಬೀಗ್ರು."