ಅರಿಷಿಣಿಯ ಉಸಿರು ಎಣಿಸುವ ಸೀತವ್ವ

ಗೋಕಾಕದ ಈ ಓಣಿಯಲ್ಲಿ ಪತ್ತಾರ ರಾಜಪ್ಪನವರ ಅಂಗಡಿ ಗಿರಾಕಿಗಳಿಗೆ ತೆರೆಯುವುದು ಬೆಳಿಗ್ಗೆ ಒಂಬತ್ತೂವರೆಗೆ. ಸೀತವ್ವನಿಗೆ ಮಾತ್ರ ಆರೂವರೆಗೇ ತೆರೆಯುತ್ತದೆ. ಮಾಘದ ಚಳಿಗೆ ಓಣಿಯ ನಾಯಿಗಳೂ ಎದ್ದಿಲ್ಲ. ಅರವತ್ತೆರಡು ವರ್ಷದ ಸೀತವ್ವ ಸೆರಗಿನೊಳಗೆ ಏನನ್ನೋ ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತುತ್ತಾರೆ, ಹತ್ತಿ ನಿಂತು ಒಂದು ಸಲ ಕೆಮ್ಮುತ್ತಾರೆ. ಸೆರಗಿನೊಳಗಿನಿಂದಲೂ ಅದೇ ಕೆಮ್ಮು ಕೇಳುತ್ತದೆ.

ರಾಜಪ್ಪ ಬಂಗಾರ ತೂಗುವ ಕಾಟಾದ ಮೇಲೆ ಖಾಲಿ ಬಟ್ಟೆಚೀಲ ಇಟ್ಟು ಸೊನ್ನೆ ಮಾಡಿಕೊಳ್ಳುತ್ತಾರೆ. ಆಮೇಲೆ ಸೀತವ್ವನ ಗಿಳಿಯನ್ನು ಅದೇ ಚೀಲದಲ್ಲಿ ಕೂರಿಸಿ, ತಲೆ ಮಾತ್ರ ಹೊರಗೆ ಬಿಟ್ಟು, ಮೆಲ್ಲಗೆ ತಟ್ಟೆಯ ಮೇಲಿಡುತ್ತಾರೆ. ನಾನೂ ಸೇರಿ ಮೂವರೂ ಅಂಕಿ ನಿಲ್ಲುವುದನ್ನೇ ಕಾಯುತ್ತೇವೆ.

"ತೊಂಬತ್ತಾರು ಗ್ರಾಮ್."

"ನಿನ್ನಿ ತೊಂಬತ್ತೇಳಿತ್ತಲ್ಲೋ ರಾಜಪ್ಪಾ. ಇನ್ನೊಮ್ಮೆ ನೋಡು."

"ಎಷ್ಟ ಸಲ ನೋಡಿದ್ರೂ ಅಷ್ಟ ಯಕ್ಕಾ. ನನ್ನ ಕಾಟಾ ಸುಳ್ಳ ಹೇಳಂಗಿಲ್ಲ" ಎನ್ನುತ್ತಾರೆ ರಾಜಪ್ಪ. ಆದರೂ ಇನ್ನೊಮ್ಮೆ ತೂಗುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ಅಂಗಡ್ಯಾಗ ಬಂಗಾರ ಕಮ್ಮಿ ಬಂದಾಗೂ ನನಗ ಇಷ್ಟ ಸಂಕಟ ಆಗಿಲ್ಲರಿ" ಎನ್ನುತ್ತಾರೆ.

ಮೈ ಸರಿಯಿದ್ದಾಗ ಈ ಹಕ್ಕಿ ನೂರಾ ಹದಿನಾಲ್ಕು ಗ್ರಾಂ ತೂಗುತ್ತಿತ್ತು. ತೊಂಬತ್ತರ ಕೆಳಗೆ ಹೋದರೆ ಇನ್ನು ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ ಎಂದು ಹುಕ್ಕೇರಿಯ ಡಾಕ್ಟರು ಹೇಳಿಬಿಟ್ಟಿದ್ದಾರೆ. ಅಂದರೆ ಇನ್ನು ಆರು ಗ್ರಾಂ. ನಾಲ್ಕು ತಿಂಗಳಿಂದ ಸೀತವ್ವನ ದಿನ ಶುರುವಾಗುವುದು ಈ ಅಂಕಿಯಿಂದಲೇ.

ಸುಳ್ಳೇಕೆ ಹೇಳಲಿ, ನಾನು ಇಲ್ಲಿಗೆ ಬಂದದ್ದು ನಗಲಿಕ್ಕೆ. ಮುದುಕಿಯಂತೆಯೇ ಕೆಮ್ಮುವ ಗಿಳಿಯ ವಿಡಿಯೊ ಒಂದು ನಮ್ಮ ಕಡೆಯ ಮೊಬೈಲುಗಳಲ್ಲಿ ತಿಂಗಳುಗಟ್ಟಲೆ ಓಡಾಡಿತು. ನನಗೂ ಮೂರು ಕಡೆಯಿಂದ ಬಂತು, ನಾನೂ ನಾಲ್ಕು ಮಂದಿಗೆ ಕಳಿಸಿದೆ. ನಮ್ಮ ಪತ್ರಿಕೆಯ ಪುರವಣಿಗೆ ಒಂದು ತಮಾಷೆಯ ಬರಹವಾಗುತ್ತದೆ ಎಂದುಕೊಂಡು ವಿಳಾಸ ಹುಡುಕಿಕೊಂಡು ಬಂದೆ. ಸೀತವ್ವ ಚಹಾ ಕೊಟ್ಟರು, ಕೂರಲು ಮಣೆ ಕೊಟ್ಟರು. "ನಗಸಾಕ ಏನೂ ಉಳದಿಲ್ಲರಿ ಸಾಹೇಬ್ರ" ಎಂದರು.

ಸೀತವ್ವ ತುಕ್ಕಾನಟ್ಟಿಯ ಕುರುಬರ ಮನೆಯ ಮಗಳು. ಗೋಕಾಕಕ್ಕೆ ಮದುವೆಯಾಗಿ ಬಂದರು. ಗಂಡ ಸಿದ್ರಾಯ ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದರು, ಹನ್ನೊಂದು ವರ್ಷದ ಹಿಂದೆ ತೀರಿಕೊಂಡರು. ಮಗಳು ಕಸ್ತೂರಿ ಮೂಡಲಗಿಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಸೀತವ್ವನ ಕೆಲಸ ಬಾಣಂತಿಯರಿಗೂ ಕೂಸುಗಳಿಗೂ ಎರೆಯುವುದು. ಇಪ್ಪತ್ತೆಂಟು ವರ್ಷವಾಯಿತು. ಹೆರಿಗೆ ಆಸ್ಪತ್ರೆಯಲ್ಲಾದರೇನು, ಮನೆಗೆ ಬಂದ ಐದನೆಯ ದಿನಕ್ಕೆ ಸೀತವ್ವನಿಗೆ ಕರೆ ಹೋಗಲೇಬೇಕು. ಒಂದು ಕಾಲಕ್ಕೆ ಬೆಳಿಗ್ಗೆ ಹತ್ತರೊಳಗೆ ಐದು ಮನೆ ಮುಗಿಸುತ್ತಿದ್ದರಂತೆ. ಒಟ್ಟು ಎಷ್ಟು ಕೂಸು ಎಂದರೆ ಕೈಯಾಡಿಸುತ್ತಾರೆ. "ಕೂಸಿನ ಲೆಕ್ಕ ಇಡಬಾರದ್ರಿ. ಕಣ್ಣ ತಾಕತೈತಿ."

ಎರೆದ ಮೇಲೆ ಹೊಗೆ. ಅಗ್ಗಿಷ್ಟಿಕೆಯ ಕೆಂಡದ ಮೇಲೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ, ಎದ್ದ ಹೊಗೆಯ ಮೇಲೆ ಕೂಸನ್ನು ಹಿಂದೆ ಮುಂದೆ ಆಡಿಸಬೇಕು. ಬಾಣಂತಿಯ ಹೊರಸಿನ ಕೆಳಗೂ ಒಂದು ಕೆಂಡದ ಬುಟ್ಟಿ ಇರಬೇಕು. ನಮ್ಮ ಕಡೆ ಹುಟ್ಟಿದವರು ಯಾರು ಈ ಹೊಗೆ ಕುಡಿಯದೆ ಬೆಳೆದಿದ್ದಾರೆ? ನಾನೂ ಕುಡಿದವನೇ. ಸೀತವ್ವ ಇಪ್ಪತ್ತೆಂಟು ವರ್ಷ ದಿನವೂ ಕುಡಿದರು. ಆ ಕೆಮ್ಮು ಅಲ್ಲಿಂದ ಬಂದದ್ದು.

ಗಿಳಿ ಬಂದದ್ದೂ ಬಾಣಂತನದ ಮನೆಯಿಂದಲೇ. ಆರು ವರ್ಷದ ಹಿಂದೆ ಗೋಕಾಕದ ಶೈಲಾ ಎಂಬವರ ಮನೆಯಲ್ಲಿ ಕೂಸಿಗೆ ಎರೆಯಲು ಹೋದಾಗ ಪಂಜರದಲ್ಲಿ ಈ ಹಕ್ಕಿಯಿತ್ತು. ಹೊರದೇಶದ ಜಾತಿ, ಕನ್ಯೂರ್ ಅನ್ನುತ್ತಾರೆ. ಎರಡು ಬಗೆಯ ಕನ್ಯೂರ್ ಕೂಡಿಸಿ ಹುಟ್ಟಿಸಿದ ಮಿಶ್ರತಳಿ. ತಲೆ, ಎದೆ ಎಲ್ಲ ಅರಿಷಿಣ, ರೆಕ್ಕೆಯಲ್ಲಿ ಹಸಿರು, ಗೇಣುದ್ದದ ಬಾಲ. ಮಾರಿದವನು ಶುದ್ಧ ತಳಿಯೆಂದೇ ಹೇಳಿ ಮಾರಿದ್ದ. ಅದರ ಕಿರುಚಾಟಕ್ಕೆ ಕೂಸು ಬೆಚ್ಚಿಬೀಳುತ್ತದೆಂದು ಮನೆಯವರು ಅದನ್ನು ಯಾರಿಗಾದರೂ ಕೊಟ್ಟುಬಿಡಲು ನೋಡುತ್ತಿದ್ದರು. ಸೀತವ್ವ ಪಂಜರ ಸಮೇತ ತಲೆಯ ಮೇಲೆ ಹೊತ್ತು ತಂದರು, ಅರಿಷಿಣಿ ಎಂದು ಹೆಸರಿಟ್ಟರು.

ಅರಿಷಿಣಿ ಮಾತು ಕಲಿಯಲಿಲ್ಲ. ಮೊದಲು ಕಲಿತದ್ದೇ ಸೀತವ್ವನ ಕೆಮ್ಮು. ಇವರು ಒಲೆ ಮುಂದೆ ಕೆಮ್ಮಿದರೆ ಅದು ಪಂಜರದಲ್ಲಿ ಕೆಮ್ಮುವುದು. ಓಣಿಗೆಲ್ಲ ಅದೊಂದು ಮೋಜು. "ನಾ ಸತ್ತಮ್ಯಾಲೂ ನನ್ನ ಕೆಮ್ಮ ಈ ಮನ್ಯಾಗ ಇರ್ತೈತಿ ನೋಡ ಅಂತ ಮಗಳಿಗೆ ಅಂತಿದ್ನಿರಿ. ಇಪ್ಪತ್ತೈದ ವರ್ಷ ಬಾಳತೈತಿ ಅಂತ ಹೇಳಿದ್ರು. ನನಗೂ ಆಟ ಅನಸ್ತಿತ್ತು."

ಕಳೆದ ಶ್ರಾವಣದಲ್ಲಿ ಅರಿಷಿಣಿ ತತ್ತಿ ಇಟ್ಟಿತು. ಜೋಡಿಯಿಲ್ಲದ ಹೆಣ್ಣು ಗಿಳಿಯೂ ಹೀಗೆ ಬರಿದೇ ತತ್ತಿ ಇಡುವುದುಂಟು, ಮರಿ ಆಗುವುದಿಲ್ಲ. ಅದು ಸೀತವ್ವನಿಗೆ ಹೇಗೆ ಗೊತ್ತಿರಬೇಕು? ಅವರಿಗೆ ಕಂಡದ್ದು ಒಬ್ಬ ಬಾಣಂತಿ. ಇಪ್ಪತ್ತೆಂಟು ವರ್ಷ ಊರಿನ ಹೆಣ್ಣುಮಕ್ಕಳಿಗೆ ಮಾಡಿದ್ದನ್ನೆಲ್ಲ ಅರಿಷಿಣಿಗೂ ಮಾಡಿದರು. ಬೆಚ್ಚಗಿರಲಿ ಎಂದು ಪಂಜರದಲ್ಲಿ ಹುಲ್ಲು ಹಾಸಿದರು, ಗಾಳಿ ತಾಕದಂತೆ ಸುತ್ತಲೂ ಕಂಬಳಿ ಕಟ್ಟಿದರು, ಬಾಣಂತಿಯರಿಗೆ ಕೊಡುವ ಅಂಟಿನುಂಡಿ ಪುಡಿ ಮಾಡಿ ತಿನ್ನಿಸಿದರು. ಸಂಜೆ ಸಂಜೆ ಕಂಬಳಿಯೊಳಗೆ ಹೊಗೆ ಕೊಟ್ಟರು, ಹನ್ನೆರಡು ದಿನ.

"ಕಂಬಳ್ಯಾಗ ಕೆಮ್ಮತಿತ್ತರಿ" ಎನ್ನುವಾಗ ಸೀತವ್ವ ನೆಲ ನೋಡುತ್ತಾರೆ. "ನನ್ನ ಅಣಕಸಾಕತ್ತೈತಿ ಅಂತ ತಿಳಕೊಂಡ್ನಿ. ಹಡದಾಕಿಗೂ ಎಷ್ಟ ನಗಚಾಟ್ಗಿ ನೋಡ ಅಂದ್ನಿ. ನಕ್ಕೊಂತ ಇನ್ನೊಂದ ಚಿಟಿಕಿ ಲೋಬಾನ ಹಾಕಿದ್ನಿ."

ಮೂರು ವಾರ ಎಲ್ಲರೂ ನಕ್ಕರು. ಆಮೇಲೆ ಒಂದು ಬೆಳಿಗ್ಗೆ ಅರಿಷಿಣಿ ಪಂಜರದ ತಳದಲ್ಲಿ ಬಾಯಿ ತೆರೆದು ಕೂತಿತ್ತು. ಸೀತವ್ವ ಕಂಡವರನ್ನೆಲ್ಲ ಕೇಳಿದರು. ದನ, ಎಮ್ಮೆ ನೋಡುವವರಿದ್ದರು, ಗಿಳಿ ನೋಡುವವರಿರಲಿಲ್ಲ. ಹುಕ್ಕೇರಿಯಲ್ಲಿ ಡಾಕ್ಟರ್ ಆಮ್ರಪಾಲಿ ಹಕ್ಕಿಗಳನ್ನು ನೋಡುತ್ತಾರೆಂದು ಶೈಲಾ ತಿಳಿದುಕೊಂಡು ಹೇಳಿದರು. ಬುಟ್ಟಿಯ ಮೇಲೆ ಸೀರೆ ಹೊದಿಸಿಕೊಂಡು ಸೀತವ್ವ ಬಸ್ಸು ಹತ್ತಿದರು.

ಕಳೆದ ವಾರ ಅದೇ ದಾರಿಯಲ್ಲಿ ನಾನೂ ಹೋದೆ. ಡಾಕ್ಟರ್ ಆಮ್ರಪಾಲಿಗೆ ಆ ಮೊದಲ ದಿನ ಚೆನ್ನಾಗಿ ನೆನಪಿದೆ. "ಹೊರಗ ಇಬ್ರು ಪೇಷಂಟ್ ಕೆಮ್ಮಾಕತ್ತಾರ ಅನಕೊಂಡ್ನಿರಿ. ಒಂದು ಆಯಿ, ಒಂದು ಗಿಳಿ" ಎಂದು ಅರೆನಗೆ ನಗುತ್ತಾರೆ. ಗಿಳಿಯಿಂದ ಮನುಷ್ಯರ ಎದೆಗೂ ಸೋಂಕು ಬರಬಹುದೆಂದು ಅವರು ಸೀತವ್ವನನ್ನು ದವಾಖಾನೆಗೆ ಕಳಿಸಿ ಪರೀಕ್ಷೆ ಮಾಡಿಸಿದರು. ಸೋಂಕು ಇರಲಿಲ್ಲ. ಸೀತವ್ವನದು ಬರೀ ಹೊಗೆಯ ಕೆಮ್ಮು.

"ಹಕ್ಕಿ ಪುಪ್ಪುಸ ನಮ್ಮಂಗ ಅಲ್ರಿ" ಎಂದು ಡಾಕ್ಟರು ವಿವರಿಸುತ್ತಾರೆ. "ಎದಿಯಿಂದ ಹೊಟ್ಟಿತನಕ ಗಾಳಿಚೀಲ ಇರ್ತಾವ. ಎಳಕೊಂಡ ಹೊಗಿ ಒಳಗೆಲ್ಲಾ ತಿರಗತೈತಿ. ಹೊಗಿಯಿಂದ ಗಾಯ ಆತು, ಹುಲ್ಲಿನ್ಯಾಗಿನ ಬೂಷ್ಟು ಆ ಗಾಯದಾಗ ಕುಂತಿತು. ಮೊದಲನೇ ವಾರ ಬಂದಿದ್ರ ಬ್ಯಾರೆ ಮಾತು." ಹಾಗಾದರೆ ಅಣಕಿಸುವ ಕೆಮ್ಮು ಯಾವುದು, ರೋಗದ ಕೆಮ್ಮು ಯಾವುದು ಎಂದು ತಿಳಿಯುವುದು ಹೇಗೆ? "ಬಾಲ ನೋಡಬೇಕ್ರಿ. ಅಣಕಸೂ ಮುಂದ ಬಾಲ ಸುಮ್ಮನಿರ್ತೈತಿ. ಉಸಿರಿಗೆ ತ್ರಾಸ ಆದ್ರ ಪ್ರತಿ ಉಸಿರಿಗೂ ಬಾಲ ಮ್ಯಾಲ ಕೆಳಗ ಆಡತೈತಿ."

ಬಸ್ಸಿನಲ್ಲಿ ವಾಪಸು ಬರುವಾಗ ಆ ವಿಡಿಯೊ ಮತ್ತೆ ನೋಡಿದೆ. ಶೈಲಾ ಶ್ರಾವಣದ ಕೊನೆಗೆ ಸೀತವ್ವನ ಮನೆಗೆ ಬಂದಾಗ ತೆಗೆದದ್ದು. "ಆಯಿ, ಇನ್ನೊಮ್ಮೆ ಕೆಮ್ಮಸ್ರಿ" ಎಂದು ಅವರು ನಗುತ್ತಿರುವುದು ಕೇಳುತ್ತದೆ. ಗಿಳಿ ಕೆಮ್ಮುತ್ತದೆ. ಅದರ ಬಾಲ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿದೆ. ಇದನ್ನೇ ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ, ನಾಲ್ಕು ಮಂದಿಯನ್ನೂ ನಗಿಸಿದ್ದೆ. ಥೂ ನಮ್ಮ ಕಣ್ಣಿಗಿಷ್ಟು!

ಸೀತವ್ವ ಈಗ ದಿನಕ್ಕೆ ಎರಡು ಸಲ ಉಸಿರು ಎಣಿಸುತ್ತಾರೆ. ಗಡಿಯಾರ ನೋಡಲು ಬಾರದು. ಅವರು ಕೂಸುಗಳಿಗೆ ಹೇಳುವ ಜೋಗುಳ ಒಂದು ಸುತ್ತು ಮುಗಿಯಲು ಸರಿಯಾಗಿ ಒಂದು ನಿಮಿಷ ಹಿಡಿಯುತ್ತದೆಂದು ಶೈಲಾ ಮೊಬೈಲಿನಲ್ಲಿ ನೋಡಿ ಹೇಳಿಕೊಟ್ಟಿದ್ದಾರೆ. ಪಂಜರದ ಮುಂದೆ ಕೂತು ಮೆಲ್ಲಗೆ ಜೋಗುಳ ಗುನುಗುತ್ತ, ಅದರ ಎದೆ ಏರಿಳಿದಂತೆಲ್ಲ ಬೆರಳಿನ ಗೆಣ್ಣು ಎಣಿಸುತ್ತಾರೆ. ಐವತ್ತರೊಳಗಿದ್ದರೆ ಒಳ್ಳೆಯದು. ನಾನಿದ್ದ ದಿನ ಐವತ್ತೆಂಟಿತ್ತು. ಆಮೇಲೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಔಷಧಿ, ಬೇಯಿಸಿದ ಕುಂಬಳಕಾಯಿ, ಗಜ್ಜರಿ, ನುಗ್ಗೆ ಸೊಪ್ಪು. ಮೊದಲು ಹಾಕುತ್ತಿದ್ದ ಸೂರ್ಯಕಾಂತಿ ಬೀಜ, ಉಂಡಿ ಎಲ್ಲ ಬಂದ್. ಆ ಜಿಡ್ಡು ಹಕ್ಕಿಯ ಪಿತ್ತಜನಕಾಂಗಕ್ಕೆ ಒಳ್ಳೆಯದಲ್ಲವಂತೆ. ಮನೆಯೊಳಗೆ ಊದಿನಕಡ್ಡಿ ಕೂಡ ಹಚ್ಚುವುದಿಲ್ಲ. ದೇವರಿಗೆ ಬರೀ ಹೂವು.

ಸಮಾಧಾನ ಹೇಳುವವರಿಗೆ ಬರವಿಲ್ಲ. ಮೂಡಲಗಿಯಿಂದ ಬಂದಿದ್ದ ಕಸ್ತೂರಿ ನನ್ನ ಮುಂದೆಯೇ ಹೇಳಿದಳು. "ಹೈಬ್ರೀಡ್ ಹಕ್ಕಿ ಅದು ಯವ್ವಾ. ಹೈಬ್ರೀಡ್ ಆಕಳ ನೋಡೀ ಇಲ್ಲೋ, ಬಿಸಲ ತಡಿಯಂಗಿಲ್ಲ, ಮಳಿ ತಡಿಯಂಗಿಲ್ಲ. ನಿಂದೇನ ತಪ್ಪ ಐತಿ?" ಇದನ್ನೇ ನಾನು ಡಾಕ್ಟರನ್ನು ಕೇಳಿದ್ದೆ. ಮಿಶ್ರತಳಿ ಅನ್ನುವುದೇ ಒಂದು ರೋಗವಲ್ಲ ಎಂದಿದ್ದರು. ಮಾರುವವರು ಬಣ್ಣದ ಆಸೆಗೆ ಒಂದೇ ಸಂಸಾರದ ಹಕ್ಕಿಗಳನ್ನು ಮತ್ತೆ ಮತ್ತೆ ಕೂಡಿಸಿದ್ದರೆ ಮರಿ ಬಲಹೀನ ಆಗಬಹುದು. ಇದರ ಅಪ್ಪ ಅವ್ವ ಯಾರೆಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ಏನನ್ನೂ ಹೇಳಲಾಗದು.

ಸೀತವ್ವ ಮಗಳ ಮಾತಿಗೆ ತಲೆಯಾಡಿಸಲಿಲ್ಲ. ಅವಳು ನೀರಿಗೆ ಹೋದ ಮೇಲೆ ನನ್ನ ಹತ್ತಿರ ಸರಿದು ಕೂತರು. ಸಾಹೇಬ್ರು ಹೋಗಿ ನಾನು ತಮ್ಮನಾಗಿದ್ದೆ.

"ತುಕ್ಕಾನಟ್ಟ್ಯಾಗ ಒಂದ ಕೂಸಿತ್ತ ತಮ್ಮಾ. ಹದಿನೇಳ ವರ್ಷ ಆತು. ದಿನಾ ತುಂಬದ ಹುಟ್ಟಿತ್ತು, ಸಣ್ಣ ಕೂಸು. ಕೆಮ್ಮತಿತ್ತು. ಕೆಮ್ಮತೈತಿ ಅಂತ ನಾ ಎರಡ ಹೊತ್ತ ಹೊಗಿ ಕೊಟ್ನಿ. ನಲವತ್ತನೇ ದಿನಕ್ಕ ಹೋತು. ಎಲ್ಲಾರೂ ಅಂದ್ರು, ಅದರ ಆಯುಷ್ಯ ಅಷ್ಟ ಇತ್ತು ಅಂತ. ನಾನೂ ಅಂದ್ನಿ." ಸೆರಗಿನ ತುದಿ ಬಾಯಿಗೆ ಹೋಯಿತು. "ಹುಕ್ಕೇರಿ ಡಾಕ್ಟ್ರಬಾಯಿಗೆ ಕೇಳಿದ್ನಿ, ಹಕ್ಕಿಗೆ ಹಿಂಗಾದ್ರ ಕೂಸಿಗೆ? ಅಂತ. ಕೂಸಿಗೂ ಹೊಗಿ ಚಲೋದಲ್ಲ ಆಯಿ ಅಂದ್ರು. ಆ ಕೂಸು ಅದಕ್ಕ ಹೋತಂತ ನಾ ಹೇಳಾಕ ಬರಂಗಿಲ್ಲ ಅಂದ್ರು. ಅವ್ರೇನ ಹೇಳ್ತಾರ, ಪಾಪ. ಆಗ ಆಯುಷ್ಯ ಅಂದ್ರು, ಈಗ ಹೈಬ್ರೀಡ್ ಅಂತಾರ. ನಿನ್ನ ಕೈಲೆ ಆತು ಅಂತ ಒಬ್ರೂ ಅನ್ನವೊಲ್ರು. ಒಬ್ರರ ಅಂದಿದ್ರ ನನ್ನ ಎದಿ ಹಗರ ಆಗ್ತಿತ್ತು."



ಹುಕ್ಕೇರಿಯಿಂದ ಬಂದ ಮಾರನೆಯ ದಿನದಿಂದ ಸೀತವ್ವ ಯಾವ ಕೂಸಿಗೂ ಹೊಗೆ ಕೊಟ್ಟಿಲ್ಲ. ಇದರಿಂದ ಐದಿದ್ದ ಮನೆಗಳು ಎರಡಾಗಿವೆ. ಅದರಲ್ಲೊಂದು ಮಮದಾಪುರದಲ್ಲಿದೆ, ಅಲ್ಲಿಗೆ ನನ್ನನ್ನೂ ಕರೆದುಕೊಂಡು ಹೋದರು. ಬಚ್ಚಲಲ್ಲಿ ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಮಲಗಿಸಿ, ಅಂಗೈಯಲ್ಲಿ ಬಿಸಿನೀರು ಪರೀಕ್ಷಿಸಿ ಎರೆಯತೊಡಗಿದರೆ ಅಳುತ್ತಿದ್ದ ಕೂಸು ಸುಮ್ಮನಾಯಿತು. ಆ ಕೈಗಳ ಬಗೆಗೇ ಒಂದು ಪುಟ ಬರೆಯಬಹುದು. ಅಷ್ಟರಲ್ಲಿ ಕೂಸಿನ ಅಜ್ಜಿ ಲಕ್ಕವ್ವ ಕೆಂಡದ ಬುಟ್ಟಿ ತಂದಿಟ್ಟರು.

"ಹೊಗಿ ಕೊಡಂಗಿಲ್ಲ ಅಂತ ಮೊದಲನೇ ದಿನಾನ ಹೇಳೇನಿ ಲಕ್ಕವ್ವಾ."

"ದಿನಾ ಹೋದಂಗ ಬುದ್ಧಿ ಬರ್ತೈತಿ ಅಂತ ಸುಮ್ಮನಿದ್ನಿ. ನನ್ನ ಮಗಗ ನೀನ ಕೊಟ್ಟಿದ್ದಿ ಇಲ್ಲೋ? ಹೆಂಗ ಕಲ್ಲ ಗುಂಡಿನಂಗ ಅದಾನ ನೋಡು!"

"ಗಟ್ಟಿ ಇದ್ದಾವ್ರನ್ನ ನೋಡಾಕತ್ತೀ" ಎಂದರು ಸೀತವ್ವ. "ಇಲ್ಲದಾವ್ರನ್ನ ಎಲ್ಲಿಂದ ನೋಡ್ತೀ?"

ಕೂಸನ್ನು ಒರೆಸಿ, ಬಟ್ಟೆ ಸುತ್ತಿ ಬಾಣಂತಿಯ ಮಗ್ಗುಲಿಗೆ ಮಲಗಿಸಿದರು. ಆಮೇಲೆ ಉಳಿದ ಒಂದು ತಂಬಿಗೆ ಬಿಸಿನೀರನ್ನು ಕೆಂಡದ ಮೇಲೆ ಸುರಿದುಬಿಟ್ಟರು. ಲಕ್ಕವ್ವನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಕೊನೆಯದು ಮಾತ್ರ ಇದು: "ನಾಳಿಂದ ಬರಬ್ಯಾಡ."

ಈಗ ಒಂದು ಮನೆ ಉಳಿದಿದೆ. ಬಸ್ ಸ್ಟ್ಯಾಂಡಿನವರೆಗೂ ಸೀತವ್ವ ಕೆಮ್ಮುತ್ತಲೇ ಬಂದರು. "ಸಿಟ್ಟ ಬರೂದ ಖರೆನರಿ. ಇಪ್ಪತ್ತೆಂಟ ವರ್ಷ ಚಲೋದು ಚಲೋದು ಅಂತ ನಾನ ಹೇಳಿ, ಈಗ ಬ್ಯಾಡ ಅಂದ್ರ ಯಾರ ಕೇಳ್ತಾರ?"

ಮನೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ನಿಮಗೇನು ಆಸೆ ಎಂದು ಕೇಳಿದೆ. ಇಂಥ ಬರಹಗಳಲ್ಲಿ ಕೊನೆಗೆ ಹೀಗೆ ಕೇಳುವುದು ನಮ್ಮ ರೂಢಿ, ಕೇಳಿ ನಾಚಿಕೆಯಾಯಿತು. ಸೀತವ್ವ ಪಂಜರದ ಕಡೆ ತಿರುಗಿದರು.

"ನನಕಿಂತ ಮೊದಲ ಹೋಗತೈತಿ ಅದು, ಗೊತ್ತೈತಿ. ಬ್ಯಾಸಗಿ ಒಂದ ಕಂಡ್ರ ಹೆಚ್ಚು ಅಂದಾರ. ನನ್ನ ಕೆಮ್ಮ ನನ್ನ ಸಂಗಾಟನ ಹೋಗ್ಲಿ ತಮ್ಮಾ, ಇನ್ಯಾರಿಗೂ ಬ್ಯಾಡ" ಎಂದರು. ಹೇಳುತ್ತಿದ್ದಂತೆಯೇ ಕೆಮ್ಮು ಬಂತು. ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಪಂಜರದಿಂದ ಕೆಮ್ಮು ಕೇಳಿತು. ಇಬ್ಬರ ಕಣ್ಣೂ ಒಟ್ಟಿಗೇ ಬಾಲಕ್ಕೆ ಹೋದವು. ಅದು ಅಲುಗಲಿಲ್ಲ. ಸೀತವ್ವ ಉಸಿರು ಬಿಗಿಹಿಡಿದು ಕಾದರು. ಅರಿಷಿಣಿ ಇನ್ನೊಮ್ಮೆ ಕೆಮ್ಮಿ ಕತ್ತು ಕೊಂಕಿಸಿ ಅವರನ್ನು ನೋಡಿತು. ಆಗಲೂ ಅಲುಗಲಿಲ್ಲ.

ಅವತ್ತು ಇಡೀ ದಿನದಲ್ಲಿ ಸೀತವ್ವ ನಕ್ಕದ್ದು ಅದೊಂದೇ ಸಲ. ಕಣ್ಣಲ್ಲಿ ನೀರಿತ್ತು.

"ಇದು ನಂದರಿ" ಎಂದರು. "ಈ ಕೆಮ್ಮ ಅದರದ್ದಲ್ಲ."