ಗುಂಡುಸೂಜಿ ಬೇಡವೆಂದ ಸಾಹೇಬರು

ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಸ್ಥಳ, ದಾವಣಗೆರೆ ದೇವರಾಜ ಅರಸು ಬಡಾವಣೆಯ ನನ್ನ ಮನೆಯ ಊಟದ ಮೇಜು. ಹಾಜರಿರುವವರು ಇಬ್ಬರು, ನಾನು ಮತ್ತು ನನ್ನ ಅಕ್ಕ. ಮೇಜಿನ ಮೇಲೆ ಹಳೆಯ ಕಾಗದಪತ್ರಗಳ ಟ್ರಂಕು, ಬಿಳಿ ನೂಲಿನ ಒಂದು ಉಂಡೆ, ಕತ್ತರಿ, ತೆಗೆದ ಗುಂಡುಸೂಜಿಗಳನ್ನು ಹಾಕಲು ಒಂದು ಸ್ಟೀಲ್ ಬಟ್ಟಲು. ಕೆಲಸಕ್ಕೆ ಕೈಹಾಕುವ ಮೊದಲು ಹೀಗೆ ಬರೆದುಕೊಳ್ಳುವುದು ನನ್ನ ರೂಢಿ. ಬದುಕಿನ ಬಹುಪಾಲು ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸ್ ಆಗಿ ಕಳೆದವಳು ನಾನು, ರಿಪೋರ್ಟ್ ಬರೆಯದೆ ಪಾಳಿ ಬಿಟ್ಟುಕೊಟ್ಟವಳಲ್ಲ. ಇವತ್ತಿನ ಕೆಲಸ ಹರಿಹರದ ಟೈಪು ಸಾಹೇಬರ ನೆನಪಿಗೆ. ಅವರು ತೀರಿಕೊಂಡು ಐದು ದಿನವಾಯಿತು.

ಅವರನ್ನು ನೆನೆದರೆ ಮೊದಲು ಕಣ್ಣ ಮುಂದೆ ಬರುವುದು ಅವರ ಎಡ ಮಣಿಕಟ್ಟು. ವಾಚು ಇರಬೇಕಾದ ಕಡೆ ಬಿಳಿ ದಾರ ಎಂಟ್ಹತ್ತು ಸುತ್ತು ಸುತ್ತಿರುತ್ತಿತ್ತು. ನೋಡಿದವರು ಹರಕೆಯ ದಾರವೆಂದುಕೊಳ್ಳಬೇಕು. ಅದು ಕಾಗದ ಕಟ್ಟುವ ದಾರ. ಅರ್ಜಿ ಟೈಪಾದ ಕೂಡಲೇ ಮಣಿಕಟ್ಟಿನಿಂದ ಗೇಣುದ್ದ ಬಿಚ್ಚಿ, ಹಲ್ಲಿನಲ್ಲಿ ಕಚ್ಚಿ ಹರಿದು, ಹಾಳೆಗಳ ಎಡ ಮೂಲೆಗೆ ತೂತು ಮಾಡಿ ಪೋಣಿಸಿ ಗಂಟು ಹಾಕುತ್ತಿದ್ದರು. ಹೊತ್ತು ಏರಿದಂತೆ ಸುತ್ತು ಕಡಿಮೆಯಾಗುತ್ತಿತ್ತು. ಗಂಟೆ ಎಷ್ಟಾಯಿತೆಂದು ಯಾರಾದರೂ ಕೇಳಿದರೆ ಕೈ ನೋಡಿಕೊಂಡು, “ಮೂರು ಸುತ್ತು ಉಳದೈತ್ರಿ, ನಾಲ್ಕಾಗಿರಬೇಕು” ಎನ್ನುತ್ತಿದ್ದರು. ನನ್ನ ವಾಚಿಗೂ ಅವರ ದಾರಕ್ಕೂ ಹತ್ತು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದದ್ದನ್ನು ನಾನು ಕಾಣೆ.

ಹರಿಹರದ ಕೋರ್ಟಿನ ಹತ್ತಿರ, ಬಾದಾಮಿ ಮರದ ಕೆಳಗೆ ಅವರ ಮೇಜು. ಮೇಜಿನ ಮೇಲೆ ಟೈಪು ಮೆಷಿನ್ನು. ಟೈಪು ಮಾಡುತ್ತಿದ್ದದ್ದು ಎರಡೇ ಬೆರಳಲ್ಲಿ. ಉಳಿದ ಎಂಟು ಬೆರಳು ಬಿಸಿ ಹಂಚಿಗೆ ಹೆದರಿದಂತೆ ಮೇಲೆದ್ದು ನಿಂತಿರುತ್ತಿದ್ದವು. ಅರ್ಜಿ ಬರೆಯುವವರು ಅಲ್ಲಿ ಬೇರೆಯವರೂ ಇದ್ದರು, ಕಂಪ್ಯೂಟರ್ ಇಟ್ಟವರೂ ಇದ್ದರು. ಆದರೆ ಕೋರ್ಟಿನಿಂದ ಹಳೆಯ ದಾಖಲೆಯ ನಕಲು ಬೇಕೆಂದು ಬಂದವರಿಗೆಲ್ಲ ಚಹಾದಂಗಡಿಯವನು ಕೈ ತೋರಿಸುತ್ತಿದ್ದುದು ಬಾದಾಮಿ ಮರದ ಕಡೆಗೇ.

ಅವರ ಮೇಜಿನ ಮುಂದೆ ಎರಡು ಕುರ್ಚಿ. ಒಂದರ ಮುಖ ರಸ್ತೆಯ ಕಡೆಗಿತ್ತು, ಇನ್ನೊಂದರದು ಕಾಂಪೌಂಡ್ ಗೋಡೆಯ ಕಡೆಗೆ. ಅರ್ಜಿ ಹೇಳಿ ಬರೆಸುವವರು ರಸ್ತೆಯ ಕಡೆಯ ಕುರ್ಚಿಯಲ್ಲಿ ಕೂರಬೇಕು. ನಕಲು ಕೈಗೆ ಬಂದು ಅದನ್ನು ಓದಿಸಿಕೊಳ್ಳಲು ಬಂದವರು ಗೋಡೆಯ ಕಡೆಯ ಕುರ್ಚಿಯಲ್ಲಿ. ಒಮ್ಮೆ ಹುಡುಗಿಯೊಬ್ಬಳು ತನ್ನ ವಿಚ್ಛೇದನದ ಡಿಕ್ರಿ ಹಿಡಿದು ರಸ್ತೆಯ ಕಡೆಯ ಕುರ್ಚಿಯಲ್ಲಿ ಕೂತಳು. ಸಾಹೇಬರು ಓದಲು ಒಪ್ಪಲಿಲ್ಲ. “ಆ ಕಡಿ ಕೂಡವ್ವಾ. ಕಾಗದ ಓದೋ ಹೊತ್ತಿಗೆ ಮುಖ ನಿಂದಾಗಿರಬೇಕು, ಬಜಾರದ್ದಲ್ಲ” ಎಂದರು. ಇಡೀ ವಾರ್ಡಿಗೆ ಒಂದು ಪರದೆ ಬೇಕೆಂದು ವರ್ಷಗಟ್ಟಲೆ ಅರ್ಜಿ ಬರೆದವಳು ನಾನು. ಒಂದು ಕುರ್ಚಿಯನ್ನು ತಿರುಗಿಸಿಟ್ಟರೆ ಅದೂ ಪರದೆಯೇ ಎಂದು ಅವತ್ತು ತಿಳಿಯಿತು.

ನಾನು ಅವರ ಹತ್ತಿರ ಹೋದದ್ದಕ್ಕೆ ಕಾರಣ ನನ್ನ ಅಕ್ಕ.

ನಮ್ಮ ಅಪ್ಪ ತೀರಿದಾಗ ಅಕ್ಕನಿಗೆ ಹತ್ತು ವರ್ಷ, ನನಗೆ ನಾಲ್ಕು. ಅವ್ವ ಹರಿಹರದಲ್ಲಿ ಹತ್ತಿ ಬಿಡಿಸುವ ಫ್ಯಾಕ್ಟರಿಗೆ ಕೂಲಿಗೆ ಹೋಗುತ್ತಿದ್ದಳು. ಕಡರನಾಯಕನಹಳ್ಳಿಯ ದೊಡ್ಡಪ್ಪ ಮಕ್ಕಳನ್ನು ತನಗೆ ಒಪ್ಪಿಸಬೇಕೆಂದು ಕೋರ್ಟಿಗೆ ಹೋದ. ಕೋರ್ಟು ಅಕ್ಕನನ್ನು ಅವನಿಗೆ ಕೊಟ್ಟು, ನನ್ನನ್ನು ಅವ್ವನ ಹತ್ತಿರ ಬಿಟ್ಟಿತು. ವಿಚಾರಣೆಯ ದಿನ ಹೊರಗೆ ಜಗುಲಿಯಲ್ಲಿ ಕೂತಿದ್ದ ಅಕ್ಕನಿಗೆ ದೊಡ್ಡಪ್ಪ ಬಂದು ಹೇಳಿದ್ದು ಒಂದೇ ಮಾತು: “ನಿಮ್ಮವ್ವ ನಿನ್ನ ಬ್ಯಾಡ ಅಂದ್ಲು. ಸಣ್ಣಾಕಿ ಸಾಕು ಅಂದ್ಲು.” ಅಕ್ಕ ಅದೇ ಊರಲ್ಲಿ ಬೆಳೆದು ಅಲ್ಲೇ ಮದುವೆಯಾಗಿ ಮೊಮ್ಮಕ್ಕಳನ್ನೂ ಕಂಡಳು. ನನ್ನ ಮನೆಗೆ ಬಂದರೆ ಅಡುಗೆಮನೆಯವರೆಗೆ ಬರುತ್ತಾಳೆ, ಅವ್ವನ ಫೋಟೋ ಇರುವ ಕೋಣೆಗೆ ಕಾಲಿಡುವುದಿಲ್ಲ. ಅವ್ವ ಆ ಕೋರ್ಟಿನ ಮಾತನ್ನು ಸಾಯುವತನಕ ಎತ್ತಲಿಲ್ಲ. ಅವಳು ಅವತ್ತು ನಿಜವಾಗಿ ಏನು ಹೇಳಿದಳೆಂಬುದು ನನಗೆ ಬೇಕಿತ್ತು. ಅಕ್ಕ ಇರುವಾಗಲೇ ಬೇಕಿತ್ತು.

ನಿವೃತ್ತಿಯಾದ ಮೇಲೆ ಬಿಡುವಿತ್ತು. ಜಿಲ್ಲಾ ಕೋರ್ಟು ಎಂದು ಅವ್ವ ಒಮ್ಮೆ ಬಾಯಿ ಜಾರಿ ಹೇಳಿದ್ದು ನೆನಪಿತ್ತು. ಜಿಲ್ಲಾ ಕೋರ್ಟೆಂದರೆ ನನಗೆ ದಾವಣಗೆರೆಯೇ. ಕಡತ ಮಾಡಿಕೊಂಡು, ಪುಟಗಳಿಗೆ ನಂಬರ್ ಹಾಕಿಕೊಂಡು ಐದು ತಿಂಗಳು ಅಲ್ಲಿಗೆ ಓಡಾಡಿದೆ. ಸಿಗಲಿಲ್ಲ. ಹರಿಹರದ ಕೋರ್ಟಿನಲ್ಲಿ ಇದ್ದರೂ ಇರಬಹುದೆಂದು ಅಲ್ಲಿಗೆ ಹೋದಾಗ ಚಹಾದಂಗಡಿಯವನು ಬಾದಾಮಿ ಮರ ತೋರಿಸಿದ.

ಸಾಹೇಬರು ನನ್ನ ಮೂರು ಪುಟದ ಅರ್ಜಿಯನ್ನು ಕನ್ನಡಕ ಏರಿಸಿ ಇಳಿಸಿ ಓದಿದರು. “ಸಿಸ್ಟರಮ್ಮ, ಇದು ಅರ್ಜಿನೋ, ಪೇಷೆಂಟ್ ರಿಪೋರ್ಟೋ? ಒಂದನೇ ಮಗು, ಎರಡನೇ ಮಗು, ತಾಯಿಯ ಸ್ಥಿತಿ ಅಂತ ಬರೆದೀರಿ. ಜ್ವರ ಎಷ್ಟಿತ್ತು ಅನ್ನೋದೊಂದು ಬಿಟ್ಟೀರಿ.”

“ಎಲ್ಲಾ ವಿವರ ಇರಲಿ ಅಂತ ಬರೆದೆ” ಎಂದೆ.

“ಕೋರ್ಟಿಗೆ ಕಣ್ಣೀರು ಓದಕ ಬರಂಗಿಲ್ರಿ, ನಂಬರ್ ಓದಕ ಬರ್ತೈತೆ. ಯಾವ ಕೋರ್ಟು, ಯಾವ ವರ್ಷ ಹಾಕಿದ ಕೇಸು, ಯಾರ ಮ್ಯಾಲೆ ಯಾರು. ನಂಬರ್ ಗೊತ್ತಿಲ್ಲಂದ್ರೆ ಆ ವರ್ಷದ ರಿಜಿಸ್ಟರ್ ಹುಡುಕಿಕೊಡ್ರಿ ಅಂತ ಮೊದಲೊಂದು ಅರ್ಜಿ, ನಂಬರ್ ಸಿಕ್ಕ ಮ್ಯಾಲೆ ನಕಲಿಗೆ ಇನ್ನೊಂದು. ಇಷ್ಟೇ.” ಹೇಳುತ್ತಲೇ ನನ್ನ ಹಾಳೆಗಳ ಗುಂಡುಸೂಜಿ ಕಿತ್ತು ಕೈಗಿಟ್ಟರು. “ಇದನ್ನ ಚುಚ್ಚಬ್ಯಾಡ್ರಿ. ತುಕ್ಕು ಹಿಡಿದು ಕಾಗದ ತಿಂತೈತೆ. ಅದೂ ಮ್ಯಾಲಿನ ಮೂಲಿನೇ ತಿಂತೈತೆ, ನಂಬರ್ ಇರೋ ಜಾಗ.”

“ಈಗ ಎಲ್ಲಾ ಮೊಬೈಲಲ್ಲಿ ಸಿಗುತ್ತದಂತಲ್ಲ?”

“ಹೊಸಾವು ಸಿಗ್ತಾವ್ರಿ. ಹಳೇವಕ್ಕೆ ಮನುಷ್ಯರೇ ಬೇಕು.” ಆಮೇಲೆ ಟೈಪು ಮೆಷಿನ್ನನ್ನು ಪಕ್ಕಕ್ಕೆ ಸರಿಸಿ ದನಿ ತಗ್ಗಿಸಿದರು. “ಸಿಗದಿದ್ರೆ ನಿಮಗೆ ಒಂದು ದುಃಖ. ಸಿಕ್ಕಿ, ದೊಡ್ಡಪ್ಪ ಹೇಳಿದ್ದೇ ಖರೆ ಅಂತ ಆದ್ರೆ? ನಿಮ್ಮಕ್ಕಗೆ ಈಗ ಅನುಮಾನ ಅಂತ ಒಂದು ಐತೆ. ಅದೂ ಹೋಗ್ತೈತೆ. ಯೋಚನಿ ಮಾಡೀರಾ?”

ನಾನು ಯೋಚಿಸಿರಲಿಲ್ಲ. ಕಡತ ಮಾಡಿದ್ದೆ, ಅಷ್ಟೇ.

“ಅವರನ್ನ ಕರ್ಕೊಂಡು ಬರ್ರಿ. ಹತ್ತು ವರ್ಷದ ಹುಡುಗಿ ಜಗುಲಿ ಮ್ಯಾಲೆ ಕೂತಿದ್ಲು ಅಂದ್ರಲ್ಲ, ಆಕಿಗೆ ಗೊತ್ತಿರ್ತೈತೆ. ನಾಲ್ಕು ವರ್ಷದಾಕಿ ನನ್ನ ಮುಂದೆ ಕೂತು ಏನು ಹೇಳ್ತಾಳ?”

ಅಕ್ಕನನ್ನು ಕರೆತರುವುದು ಸುಲಭವಾಗಿರಲಿಲ್ಲ. ಕಣ್ಣಿನ ತಪಾಸಣೆಗೆಂದು ದಾವಣಗೆರೆಗೆ ಹೊರಟವಳನ್ನು ಹರಿಹರದಲ್ಲೇ ಬಸ್ಸಿನಿಂದ ಇಳಿಸಿಕೊಂಡೆ. ಮರದ ಕೆಳಗೆ ನಿಂತು ಅವಳು, “ನನ್ನದೇನೂ ಕೇಸಿಲ್ಲ ಸಾಹೇಬ್ರೆ. ಈಕಿಗೆ ಪೆನ್ಶನ್ ಬರ್ತೈತೆ, ಹೊತ್ತು ಹೋಗಲ್ಲ” ಎಂದಳು.

“ನನಗೂ ಹೊತ್ತು ಹೋಗಲ್ಲ ಅಕ್ಕಾರೆ. ಕೂಡ್ರಿ, ಚಾ ಕುಡಿಯೋಣ” ಎಂದು ಸಾಹೇಬರು ಕಡರನಾಯಕನಹಳ್ಳಿಯ ದಾರಿ, ಬಸ್ಸು, ಈ ಸಲದ ಭತ್ತದ ಮಾತೆತ್ತಿದರು. ಕೇಸಿನ ಹೆಸರೇ ಇಲ್ಲ. ನಾನು ಎರಡು ಸಲ ವಾಚು ನೋಡಿಕೊಂಡೆ. ಮೂರನೆಯ ಸಲಕ್ಕೆ ಅವರು, “ಸಿಸ್ಟರಮ್ಮ, ಇದು ಇಂಜೆಕ್ಷನ್ ಅಲ್ರಿ, ಸಲೈನು. ಹನಿ ಹನಿ ಇಳೀಬೇಕು” ಎಂದರು. ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ನಕ್ಕ ಮೇಲೆ ಕೇಳಿದರು: “ಅವತ್ತು ಏನು ಉಂಡಿದ್ರಿ ಅಕ್ಕಾರೆ?”

“ಬುತ್ತಿ. ರೊಟ್ಟಿ, ಶೇಂಗಾ ಚಟ್ನಿ. ಅವ್ವ ಕಟ್ಟಿದ್ದು.”

“ಜಗುಲಿ ಮ್ಯಾಲೆ ಕೂತು ಉಣ್ಣಾವಾಗ ಎದುರಿಗೆ ಏನು ಕಾಣ್ತಿತ್ತು?”

ಅಕ್ಕ ಚಹಾದ ಲೋಟ ಕೆಳಗಿಟ್ಟಳು. “ಗುಡ್ಡ. ಬರೇ ಬಂಡಿಗಲ್ಲಿನ ಗುಡ್ಡ. ಅದರ ಮ್ಯಾಲೆ ಕ್ವಾಟಿ ಗ್ವಾಡಿ.”

ದಾವಣಗೆರೆಯಲ್ಲಿ ಕೋಟೆಯ ಗುಡ್ಡ ಎಲ್ಲಿದೆ? ನಾನು ನನ್ನ ಕಡತವನ್ನು ಮುಚ್ಚಿದೆ. ನಾವು ಚಿಕ್ಕವರಿದ್ದಾಗ ದಾವಣಗೆರೆ ಜಿಲ್ಲೆಯೇ ಆಗಿರಲಿಲ್ಲ, ಹರಿಹರವೂ ದಾವಣಗೆರೆಯೂ ಚಿತ್ರದುರ್ಗಕ್ಕೆ ಸೇರಿದ್ದವು. ಅದು ನನಗೆ ಗೊತ್ತಿಲ್ಲದ ಸಂಗತಿಯೇ? ನನ್ನ ನೇಮಕದ ಆದೇಶದಲ್ಲೇ ಚಿತ್ರದುರ್ಗ ಜಿಲ್ಲೆ ಎಂದಿದೆ. ರೋಗಿಯನ್ನು ಮಾತಾಡಿಸದೆ ಚಾರ್ಟು ನೋಡಿ ಔಷಧ ಕೊಟ್ಟಂತೆ ನಾನು ಐದು ತಿಂಗಳು ಬೇರೆ ಜಿಲ್ಲೆಯ ರಿಜಿಸ್ಟರುಗಳನ್ನು ಹುಡುಕಿಸಿದ್ದೆ.

“ಹಂಗಾದ್ರೆ ದುರ್ಗ” ಎಂದು ಸಾಹೇಬರು ಹಾಳೆ ಸಿಕ್ಕಿಸಿದರು. ಯಾವ ತರಗತಿಯಲ್ಲಿದ್ದೆ, ಯಾವ ಹಬ್ಬದ ಹಿಂದುಮುಂದು ಎಂದು ಕೇಳುತ್ತ ಕೇಸು ಹಾಕಿದ ವರ್ಷವನ್ನೂ ಅಕ್ಕನ ಬಾಯಿಂದಲೇ ತೆಗೆದರು. ಅರ್ಜಿ ನಾಲ್ಕು ಸಾಲಿನದಾಯಿತು. ಎದ್ದು ಹೊರಟಾಗ ಅಕ್ಕ ಹಿಂದಿರುಗಿ, “ಸಿಕ್ಕತೈತಾ ಸಾಹೇಬ್ರೆ?” ಎಂದಳು. ಅಲ್ಲಿಯವರೆಗೆ ಹುಡುಕುತ್ತಿದ್ದವಳು ನಾನೊಬ್ಬಳೇ.

ಚಿತ್ರದುರ್ಗಕ್ಕೆ ಎರಡು ಸಲ ಹೋಗಿಬಂದೆ. ಮೊದಲ ಸಲ ನಂಬರ್ ಸಿಕ್ಕಿತು, ಎರಡನೆಯ ಸಲ ನಕಲು. ಸಾಕ್ಷಿಗಳ ಹೇಳಿಕೆಗಳನ್ನು ಇಷ್ಟು ವರ್ಷ ಇಡುವ ನಿಯಮವಿಲ್ಲವಂತೆ, ಅವು ಎಂದೋ ವಿಲೇವಾರಿಯಾಗಿದ್ದವು. ತೀರ್ಪು ಉಳಿದಿತ್ತು. ಏಳು ಪುಟ, ಇಂಗ್ಲಿಷಿನಲ್ಲಿ. ನನಗೆ ಓದಲು ಬರುತ್ತದೆ. ಆದರೂ ಬಸ್ಸಿನಲ್ಲಿ ಲಕೋಟೆ ತೆರೆಯಲಿಲ್ಲ. ರಿಪೋರ್ಟು ಕೈಗೆ ಬಂದ ಕೂಡಲೇ ಓದಬೇಕು ಎಂದು ಕಿರಿಯರಿಗೆ ಪಾಠ ಹೇಳಿದವಳು ನಾನು. ಅವತ್ತು ಅದನ್ನು ಚೀಲದ ತಳಕ್ಕೆ ಸೇರಿಸಿ ಜಿಪ್ ಎಳೆದೆ.

ಮರುದಿನ ಸಾಹೇಬರು ಅಕ್ಕನನ್ನು ಗೋಡೆಯ ಕಡೆಯ ಕುರ್ಚಿಯಲ್ಲಿ ಕೂರಿಸಿದರು. ಏಳೂ ಪುಟಗಳನ್ನು ಮೊದಲು ಮನಸ್ಸಿನಲ್ಲೇ ಓದಿದರು. ಅವರ ಮುಖ ನೋಡಿ ಏನನ್ನಾದರೂ ತಿಳಿಯಬಹುದೆಂದು ನಾನು ಕಾದೆ. ಡಾಕ್ಟರುಗಳ ಮುಖ ಓದಿ ಅಭ್ಯಾಸವಿದ್ದ ನನಗೂ ಏನೂ ತಿಳಿಯಲಿಲ್ಲ. ಐದನೆಯ ಪುಟಕ್ಕೆ ಹಿಂದಿರುಗಿ, ಬೆರಳಿಟ್ಟು, ಕನ್ನಡದಲ್ಲಿ ಹೇಳಿದರು.

“ಕೇಳ್ರಿ ಅಕ್ಕಾರೆ. ಜಡ್ಜ್ ಸಾಹೇಬ್ರು ಬರೆದಿದ್ದು. ದೊಡ್ಡ ಮಗಳನ್ನ ಕೊಡತೀನಿ ಅಂತ ರಾಜಿಪತ್ರ ತಯಾರಾಗಿತ್ತು. ಹೆಬ್ಬೆಟ್ಟು ಒತ್ತು ಅಂತ ತಾಯಿ ಮುಂದೆ ಇಟ್ರೆ, ತಾಯಿ ಕೈ ಮುಷ್ಟಿ ಮಾಡಿಕೊಂಡ್ಲು. ಮೂರು ಸಲ ಹೇಳಿದ್ರೂ ಬಿಚ್ಚಲಿಲ್ಲ. ಇಬ್ಬರೂ ನನ್ನವು, ಒಂದನ್ನ ಆರಿಸು ಅಂದ್ರೆ ಹೆಂಗೆ ಆರಿಸಲಿ ಅಂದ್ಲು. ಕೂಲಿಯಾಗೆ ಇಬ್ಬರನ್ನ ಸಾಕಕ ಆಗಂಗಿಲ್ಲ ಅಂತ ಕೋರ್ಟು ತಾನೇ ತೀರ್ಮಾನ ಮಾಡೈತೆ. ನಿಮ್ಮವ್ವ ಒಪ್ಪಿಲ್ಲ. ಈ ಏಳು ಹಾಳಿಯಾಗೆ ಎಲ್ಲೂ ನಿಮ್ಮವ್ವ ಹೆಬ್ಬೆಟ್ಟು ಒತ್ತಿದ ಮಾತಿಲ್ಲ.”

ಅಕ್ಕ ಗೋಡೆ ನೋಡುತ್ತ ಕೂತಿದ್ದಳು. ರಸ್ತೆಯಲ್ಲಿ ಹೋಗುವವರಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಅವಳು ಕೇಳಿದ್ದು ಇಷ್ಟೇ, “ಮುಷ್ಟಿ ಮಾಡಿದ್ಲಾ?”

“ಹೂಂ ಅಕ್ಕಾರೆ. ಇಂಗ್ಲಿಷಿನಾಗೆ ಬರೆದಾರ, ಆದ್ರೂ ಮುಷ್ಟಿನೇ.”

ಆ ಒಂದು ಪ್ಯಾರಾವನ್ನು ಅವರು ಅರ್ಧ ಹಾಳೆಯಲ್ಲಿ ಕನ್ನಡದಲ್ಲಿ ದುಂಡಗೆ ಬರೆದು ತೀರ್ಪಿನ ಮೇಲಿಟ್ಟರು. ಮಣಿಕಟ್ಟಿನಿಂದ ದಾರ ಬಿಚ್ಚಿ ಕಟ್ಟಿದರು. ನಾನು ಕೈ ಚಾಚಿದೆ. ಅರ್ಜಿದಾರಳು ನಾನು, ಸಹಿ ನನ್ನದು. ಅವರು ನನ್ನ ಕೈ ದಾಟಿಸಿ ಕಟ್ಟನ್ನು ಅಕ್ಕನಿಗೆ ಕೊಟ್ಟರು. “ಅರ್ಜಿ ನಿಮ್ಮದು ಸಿಸ್ಟರಮ್ಮ. ಕಾಗದ ಇವರದು.”

ಕೆಲವು ತಿಂಗಳ ಮೇಲೆ ಸಿಕ್ಕಾಗ ಒಂದು ಮಾತು ಕೇಳಿದೆ. ಅಷ್ಟು ವರ್ಷ ಅದೇ ಕೆಲಸ ಮಾಡಿದವರಿಗೆ ಆ ಕೇಸು ದುರ್ಗದ್ದೇ ಎಂದು ಮೊದಲ ದಿನವೇ ಹೊಳೆಯಲಿಲ್ಲವೇ? ಅವರು ಟೈಪು ಮೆಷಿನ್ನಿನ ಧೂಳು ಒರೆಸುತ್ತಿದ್ದರು.

“ಹೊಳೀದೆ ಏನ್ರಿ. ಮಕ್ಕಳ ಕೇಸು ಆಗ ಜಿಲ್ಲಾ ಕೋರ್ಟಿಗೇ ಹೋಗ್ತಿತ್ತು, ಜಿಲ್ಲೆ ಆಗ ದುರ್ಗ. ನಾನು ಹೇಳಿದ್ರೆ ನೀವು ಹೋಗಿ ತಂದು ಅವರ ಮುಂದೆ ಇಡತಿದ್ರಿ. ತಂಗಿ ತಂದ ಕಾಗದ ಅಂತ ಅವರು ನಂಬತಿರಲಿಲ್ಲ. ತಾನೇ ಹುಡುಕಿದ್ದನ್ನ ಯಾರೂ ಸುಳ್ಳು ಅನ್ನಂಗಿಲ್ಲ.”

ಕಳೆದ ಬುಧವಾರ ಚಹಾದಂಗಡಿಯವನು ಫೋನು ಮಾಡಿದ. ಹಿಂದಿನ ದಿನ ಸಂಜೆಯವರೆಗೆ ಕೆಲಸ ಮಾಡಿ, ಮೆಷಿನ್ನಿಗೆ ಬಟ್ಟೆ ಮುಚ್ಚಿ ಮನೆಗೆ ಹೋದವರು ಬೆಳಿಗ್ಗೆ ಏಳಲಿಲ್ಲವಂತೆ. ನಾವಿಬ್ಬರೂ ಅವರ ಮನೆಗೆ ಹೋಗಿ ಅವರ ಹೆಂಡತಿಯ ಪಕ್ಕ ಸ್ವಲ್ಪ ಹೊತ್ತು ಕೂತುಬಂದೆವು. ಮಣಿಕಟ್ಟಿನಲ್ಲಿ ಇನ್ನೂ ಎರಡು ಸುತ್ತು ಉಳಿದಿತ್ತು ಎಂದು ಆಕೆ ಹೇಳಿದರು.

ಅಲ್ಲಿಂದ ಅಕ್ಕ ನನ್ನ ಜೊತೆಗೇ ಬಂದಳು. ಟ್ರಂಕಿನ ಸೂಜಿಗಳನ್ನೆಲ್ಲ ತೆಗೆಯೋಣ ಎಂದವಳೂ ಅವಳೇ. ಅಪ್ಪನ ಮರಣ ಪ್ರಮಾಣಪತ್ರ, ನನ್ನ ನೇಮಕದ ಆದೇಶ, ಮನೆಯ ಪತ್ರ, ಎಲ್ಲದರ ಮೂಲೆಯಲ್ಲೂ ಕಂದು ಕಲೆ. ಅಕ್ಕ ಸೂಜಿ ಕೀಳುತ್ತಾಳೆ, ನಾನು ಪೋಣಿಸಿ ಗಂಟು ಹಾಕಿ ಪಟ್ಟಿಯಲ್ಲಿ ಗುರುತು ಮಾಡುತ್ತೇನೆ. ಮಧ್ಯಾಹ್ನ ಒಂದು ಗಂಟೆಗೆ ಊಟ, ಎರಡಕ್ಕೆ ಮತ್ತೆ ಶುರು.

ಸಂಜೆ ಐದೂವರೆಗೆ ಪಟ್ಟಿಯಲ್ಲಿ ಉಳಿದದ್ದು ಒಂದು, ಅಕ್ಕ ಊರಿನಿಂದ ಚೀಲದಲ್ಲಿಟ್ಟು ತಂದಿದ್ದ ತೀರ್ಪಿನ ಕಟ್ಟು. ದಾರ ಸ್ವಲ್ಪ ಮಾಸಿತ್ತು. ಬಿಚ್ಚಿ ಹೊಸ ದಾರ ಹಾಕೋಣವೆಂದು ಕೈ ಚಾಚಿದೆ. ಅಕ್ಕ ಅದನ್ನು ತನ್ನ ಕಡೆಗೆ ಎಳೆದುಕೊಂಡು ಗಂಟಿನ ಮೇಲೆ ಮುಷ್ಟಿ ಇಟ್ಟಳು.

“ಇದನ್ನ ಮುಟ್ಟಬ್ಯಾಡ. ಸಾಹೇಬ್ರು ಕಟ್ಟಿದ್ದು ಗಟ್ಟಿ ಐತೆ.”

ನಾನು ಪಟ್ಟಿಯಲ್ಲಿ ಗುರುತು ಮಾಡಿ ಪೆನ್ನು ಮುಚ್ಚಿದೆ. ಅಕ್ಕ ಕಟ್ಟನ್ನು ಎತ್ತಿಕೊಂಡು ಕೋಣೆಯೊಳಗೆ ಹೋಗಿ ಅವ್ವನ ಫೋಟೋದ ಮುಂದಿಟ್ಟು ಬಂದಳು. ಐದು ನಲವತ್ತು. ಕೆಲಸ ಮುಗಿಯಿತು.