ಉಪ್ಪು ಹತ್ತದ ಲಾರಿ

ಹಳೆ ಲಾರಿ ಕೊಳ್ಳುವವರು ಎಂಜಿನ್ ಶಬ್ದ ಕೇಳುತ್ತಾರೆ, ಟೈರು ಒದ್ದು ನೋಡುತ್ತಾರೆ. ಟೆಕ್ಸಸ್‌ನ ಪೇಕಸ್ ಊರಿನ ಕೂಕೊ ಬೆನಾವಿದೆಸ್ ನೆಕ್ಕಿ ನೋಡುತ್ತಿದ್ದ. ಅಂಗಾತ ಮಲಗಿ ಲಾರಿಯಡಿ ತೂರುವುದು, ಲಾರಿಯ ಭಾರವೆಲ್ಲ ಹೊರುವ ಕಬ್ಬಿಣದ ಚಾಸಿಯ ಮೇಲೆ ಬೆರಳಾಡಿಸುವುದು, ಆ ಬೆರಳನ್ನು ನಾಲಿಗೆಗೆ ಹಚ್ಚುವುದು. ಎಣ್ಣೆ ಬಾವಿಗಳಲ್ಲಿ ಎಣ್ಣೆಯ ಜೊತೆಗೇ ಉಕ್ಕುವ ಉಪ್ಪುನೀರನ್ನು ಟ್ಯಾಂಕರಿನಲ್ಲಿ ಸಾಗಿಸುವುದು ಅವನ ಕಸುಬು. ಆ ನೀರು ಕಬ್ಬಿಣವನ್ನು ಒಳಗೊಳಗೇ ತಿನ್ನುತ್ತದೆ. ಮೇಲೆ ಬಣ್ಣ ಬಳಿದು ಕಣ್ಣಿಗೆ ಮಣ್ಣೆರಚಬಹುದು, ನಾಲಿಗೆಗೆ ಆಗುವುದಿಲ್ಲ.

ಇಪ್ಪತ್ತೆರಡು ವರ್ಷ ಆ ನೀರು ಹೊತ್ತಿದ್ದ. ಹೊತ್ತಿದ್ದೇನೋ ಸರಿ, ಬಿಡುವುದು ಮಾತ್ರ ಈ ಮಹಾಶಯನಿಗೆ ಬರಲಿಲ್ಲ. ‘ಇನ್ನೊಂದು ವರ್ಷ’ ಎಂಬ ಮಾತನ್ನು ಹೆಂಡತಿ ಒರಾಲಿಯಾ ಎಷ್ಟು ಸಲ ಕೇಳಿದ್ದಳೆಂದರೆ, ಅವನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿ ಮುಗಿಸುತ್ತಿದ್ದಳು. ಕಳೆದ ವಾರ ಹಳೆ ಲಾರಿಯ ಚಾಸಿ ನಡುಮಧ್ಯಕ್ಕೆ ಮುರಿದಾಗ ಕೂಕೊ ಅವಳ ಕೈ ಹಿಡಿದು ಮಾತು ಕೊಟ್ಟ: ಈ ಸಲ ಮಲಗುವ ಕೋಣೆ ಇರುವ ಲಾರಿ, ದೂರದ ಹೆದ್ದಾರಿ, ಇಬ್ಬರೂ ಜೊತೆಗೆ. ಅವಳು ನಂಬಿದಳು. ಶುಕ್ರವಾರ ಬೆಳಿಗ್ಗೆ ಕಂಕುಳಲ್ಲಿ ದಿಂಬು ಇಟ್ಟುಕೊಂಡೇ ಹಳೆ ಲಾರಿ ಮಾರುವ ಡಬ್ ಟ್ಯಾಕೆಟ್‌ನ ಅಂಗಳಕ್ಕೆ ಬಂದಳು.

ಹನ್ನೊಂದು ಲಾರಿ ನೆಕ್ಕಿದ್ದಾಯಿತು. ಹನ್ನೊಂದೂ ಉಪ್ಪು.

“ಮುದುಕಾ, ಮಧ್ಯಾಹ್ನ ನಿನ್ನ ಬೀನ್ಸ್‌ಗೆ ಉಪ್ಪು ಹಾಕಲ್ಲ ಬಿಡು,” ಎಂದಳು ಒರಾಲಿಯಾ.

ಹನ್ನೆರಡನೆಯದು ಕೆಂಪು ಲಾರಿ. ಅಯೋವಾ ರಾಜ್ಯದಲ್ಲಿ ಮೆಕ್ಕೆಜೋಳ ಹೊತ್ತಿದ್ದು. ಕೂಕೊ ಒಂದು ಸಲ ನೆಕ್ಕಿದ, ನಂಬಿಕೆಯಾಗದೆ ಇನ್ನೊಂದು ಸಲ ನೆಕ್ಕಿದ.

“ಬರೀ ಧೂಳು ಕಣೇ.”

ಅವಳೂ ಬಗ್ಗಿ ಬೆರಳಾಡಿಸಿ ನಾಲಿಗೆಗೆ ಹಚ್ಚಿದಳು. “ಇದ್ರಲ್ಲಿ ತೊರ್ತಿಯಾ ರೊಟ್ಟೀನೇ ತಟ್ಬೋದು,” ಎನ್ನುತ್ತ ಕ್ಯಾಬಿನ್ ಹತ್ತಿ, ಸೀಟಿನ ಹಿಂದಿನ ಕೋಣೆಗೆ ನುಗ್ಗಿ, ದಿಂಬು ಹಾಕಿ ಮಲಗಿಯೇಬಿಟ್ಟಳು. “ಕಾಲು ಚಾಚ್ಬೋದು ಕಣೋ,” ಎಂದು ಒಳಗಿಂದಲೇ ಕೂಗಿದಳು. ಮದುವೆಯಾದ ಹೊಸತರಲ್ಲಿ ಕೇಳಿದ್ದ ಆ ದನಿ ಕೇಳಿ ಕೂಕೊನ ಎದೆ ತುಂಬಿ ಬಂತು.

ಆಗಲೇ ಫೋನು ಬಂತು. ಲಾರಿಗಳನ್ನು ಬಾವಿಗಳಿಗೆ ಹಂಚುವ ಲಾನಿ.

“ಸೋಮವಾರ ಬೆಳಿಗ್ಗೆ ಆರಕ್ಕೆ ಉಪ್ಪುನೀರು ಎಳೆಯೋ ಪಂಪ್ ಇರೋ ಲಾರಿ ಬೇಕು. ನೀನು ಬರ್ತೀಯೋ, ಇಲ್ಲಾ ನಿನ್ನ ಬಾವಿಗಳನ್ನ ಬೇರೆಯವ್ರಿಗೆ ಕೊಟ್ಬಿಡ್ಲೋ?”

‘ಇಲ್ಲ’ ಎನ್ನುವುದನ್ನು ಕೂಕೊ ಮೂರು ದಿನದಿಂದ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದ. ಆದರೆ ‘ನಿನ್ನ ಬಾವಿಗಳು’ ಎಂದುಬಿಟ್ಟನಲ್ಲ ಲಾನಿ. ಯಾವ ಬಾವಿಯ ಗೇಟು ಕಿರುಗುಟ್ಟುತ್ತದೆ, ಎಲ್ಲಿ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಎಲ್ಲ ಅವನಿಗೆ ಗೊತ್ತು. ಹೆದ್ದಾರಿಯಲ್ಲಿ ಅವನನ್ನು ಬಲ್ಲವರಿಲ್ಲ. ಐವತ್ತಾರನೆಯ ವಯಸ್ಸಿನಲ್ಲಿ ಗುರುತಿಲ್ಲದ ಊರಿನ ಗೇಟಿನಲ್ಲಿ ನಿಂತು ದಾರಿ ಕೇಳಬೇಕಲ್ಲ ಎಂದು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

“ಬರ್ತೀನಿ,” ಎಂದ.

ಪಕ್ಕದಲ್ಲೇ ನಿಂತಿದ್ದ ಡಬ್‌ಗೆ ಅಷ್ಟು ಸಾಕಾಯಿತು. ಜೇಬಿನಿಂದ ಅಳತೆಯ ಟೇಪು ತೆಗೆದ. “ಪಂಪ್ ಕೂರ್ಸೋದು ಒಂದಿನದ ಕೆಲ್ಸ. ಆದ್ರೆ ಆ ಕೋಣೆ ಇದ್ರೆ ಲಾರಿ ತೂಕ ಜಾಸ್ತಿ, ನೀರು ಕಮ್ಮಿ ಹಿಡೀಬೇಕಾಗುತ್ತೆ. ಇಲ್ಲಿ ಎಲ್ರೂ ಅದನ್ನ ಕೊಯ್ಸೇಬಿಡ್ತಾರೆ ಕೂಕೊ. ಹಿಂದೆ ತಗಡು ಹೊಡ್ದು ಬಣ್ಣ ಬಳಿದ್ರೆ ಇತ್ತು ಅಂತಾನೂ ಗೊತ್ತಾಗಲ್ಲ.”

ಮಲಗುವ ಕೋಣೆಯ ಪರದೆ ಸರಿಯಿತು.

“ಇನ್ನೊಂದು ವರ್ಷ,” ಎಂದಳು ಒರಾಲಿಯಾ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಇದ್ದಿದ್ದರೆ ಕೂಕೊನಿಗೆ ಹಗುರವಾಗುತ್ತಿತ್ತು. ಅವಳು ಬರಿಗೈಯಲ್ಲಿ ಕೆಳಗಿಳಿದಳು.

“ದಿಂಬು ಮರೆತೆ,” ಎಂದ ಕೂಕೊ.

“ಅಲ್ಲೇ ಇರ್ಲಿ. ಕೊಯ್ಯೋರು ತೆಗೀತಾರೆ.”

ಅವಳು ಗೇಟಿನ ಕಡೆ ನಡೆದಳು. ಕೂಗಿ ಕರೆಯಬೇಕೆಂದು ಕೂಕೊ ಬಾಯಿ ತೆರೆದ. ಬಾಯಲ್ಲಿ ಹನ್ನೊಂದು ಲಾರಿಗಳ ಉಪ್ಪು ಇನ್ನೂ ಇತ್ತು.

ಡಬ್ ಸೀಮೆಸುಣ್ಣ ಹಿಡಿದು ಕ್ಯಾಬಿನ್ನಿನ ಬದಿಗೆ ಬಂದ. “ಕೊಯ್ಯೋ ಗೆರೆ ಸೊಟ್ಟಗಾಗ್ಬಾರ್ದು. ಟೇಪಿನ ಈ ತುದಿ ಸ್ವಲ್ಪ ಹಿಡ್ಕೋ.”

ಕೂಕೊ ಹಿಡಿದುಕೊಂಡ.